ರೋಮನ್ ಸೈನಿಕನಿಗೆ ಮತ್ತೆ ಕವಚ ತೊಡಿಸಿದ ಕಥೆ

ರೋಮನ್ ಸೈನಿಕ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕೆಂಪು ಅಂಗಿ, ಎದೆ ಹೊಟ್ಟೆಯ ಸುತ್ತ ಹೊಳೆಯುವ ಕಬ್ಬಿಣದ ಪಟ್ಟಿಗಳು, ಕೈಯಲ್ಲೊಂದು ದೊಡ್ಡ ಗುರಾಣಿ. ಸಿನಿಮಾದವರು ಇದರ ಜೊತೆಗೆ ಮುಂಗೈಗೆ ಚರ್ಮದ ಪಟ್ಟಿಯನ್ನೂ ಕಟ್ಟಿರುತ್ತಾರೆ. ಯುರೋಪ್ ಮತ್ತು ಅಮೆರಿಕದಲ್ಲಿ ಈ ವೇಷವನ್ನು ಹವ್ಯಾಸವಾಗಿ ತೊಡುವ ಗುಂಪುಗಳು ಬೇಕಾದಷ್ಟಿವೆ. ರೀಎನ್ಯಾಕ್ಟರ್‌ಗಳು ಅಂತ ಅವರನ್ನು ಕರೆಯುತ್ತಾರೆ. ಅವರಲ್ಲಿ ಕಟ್ಟುನಿಟ್ಟಿನವರು ಹೊಸಬರಿಗೆ ಕೇಳುವ ಮೊದಲ ಪ್ರಶ್ನೆ: ಇದು ಯಾವ ಊರಿನ ಮಣ್ಣಲ್ಲಿ ಸಿಕ್ಕಿದೆ, ತೋರಿಸು. ಮುಂಗೈಯ ಚರ್ಮದ ಪಟ್ಟಿ ಆ ಪ್ರಶ್ನೆಗೇ ಬಿದ್ದುಹೋಗುತ್ತದೆ. ಕೆಂಪು ಅಂಗಿಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಆ ಕಬ್ಬಿಣದ ಪಟ್ಟಿಗಳು ನಿಜವಾಗಿ ಹೇಗಿದ್ದವು ಅನ್ನುವುದು ಗೊತ್ತಾಗಿದ್ದೇ 1964ರ ನಂತರ.

ಅದಕ್ಕೂ ಮುಂಚೆ ಎಲ್ಲರಿಗೂ ಆಧಾರ ಅಂತ ಇದ್ದದ್ದು ರೋಮ್ ನಗರದ ಟ್ರಾಜನ್ ಸ್ತಂಭ. ಕ್ರಿ.ಶ. 113ರಲ್ಲಿ ಪೂರ್ತಿಯಾದ ಆ ಕಂಬದ ಸುತ್ತ ಡೇಸಿಯಾ, ಅಂದರೆ ಇವತ್ತಿನ ರೊಮೇನಿಯಾ ಕಡೆಯ, ಯುದ್ಧದ ಕಥೆಯನ್ನು ಕೆತ್ತಿದ್ದಾರೆ. ಸಾಲುಸಾಲು ಸೈನಿಕರು, ಮೈಮೇಲೆ ಅಡ್ಡ ಪಟ್ಟಿಗಳ ಕವಚ. 1860ರ ದಶಕದಲ್ಲಿ ಮೂರನೇ ನೆಪೋಲಿಯನ್ ಇಡೀ ಸ್ತಂಭದ ಅಚ್ಚು ತೆಗೆಸಿದ. ಲಂಡನ್ನಿನ ವಸ್ತುಸಂಗ್ರಹಾಲಯಕ್ಕೂ ಒಂದು ಪ್ರತಿ ಬಂತು, ಚಾವಣಿಯ ಎತ್ತರ ಸಾಲದೆ ಅದನ್ನು ಎರಡು ತುಂಡು ಮಾಡಿ ನಿಲ್ಲಿಸಿದ್ದಾರೆ. ಹೀಗೆ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು, ನಿಜ. ಆದರೆ ಶಿಲ್ಪಿಗಳಿಗೆ ಬೇಕಾಗಿದ್ದದ್ದು ಅಂದ. ಬಕಲ್ ಎಲ್ಲಿದೆ, ಕೀಲು ಎಲ್ಲಿದೆ ಅಂತ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಪಟ್ಟಿಗಳು ಮೈಗೆ ಅಂಟಿಕೊಂಡು ಬಾಗುವ ಹಾಗೆ ಕೆತ್ತಿಬಿಟ್ಟರು. ಕಬ್ಬಿಣ ಹಾಗೆ ಬಾಗುತ್ತದಾ? ಹಾಗಾಗಿ ಇದು ಚರ್ಮವೇ ಇರಬೇಕು ಅಂತ ಹಲವರು ಅಂದುಕೊಂಡರು.

ಕಬ್ಬಿಣದ ಚೂರುಗಳೇನೂ ಸಿಗದೆ ಇರಲಿಲ್ಲ. 1899ರಲ್ಲಿ ಆಸ್ಟ್ರಿಯಾದ ಕಾರ್ನುಂಟುಮ್‌ನ ಆಯುಧ ಉಗ್ರಾಣದಲ್ಲಿ ರಾಶಿ ತಗಡು ಸಿಕ್ಕಿತು. 1905ರಿಂದ ಸ್ಕಾಟ್ಲೆಂಡಿನ ನ್ಯೂಸ್ಟೆಡ್‌ನಲ್ಲಿ ಜೇಮ್ಸ್ ಕರ್ಲ್ ಅಗೆದಾಗ ಕೋಟೆಯ ಮುಖ್ಯ ಕಟ್ಟಡದ ಬಾವಿಯೊಳಗಿಂದಲೂ ಬಂತು. ತೊಂದರೆ ಏನೆಂದರೆ ಯಾವ ತಗಡು ಯಾವುದರ ಪಕ್ಕ ಕೂರಬೇಕು ಅಂತ ಹೇಳುವವರಿರಲಿಲ್ಲ. ಒಬ್ಬೊಬ್ಬ ವಿದ್ವಾಂಸ ಒಂದೊಂದು ಥರ ಚಿತ್ರ ಬರೆದ. ಕೆಲವನ್ನು ತೊಟ್ಟರೆ ಕೈ ಎತ್ತಲು ಕೂಡ ಆಗುತ್ತಿರಲಿಲ್ಲ.

1964ರಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆಗೆ ಹತ್ತಿರದ ಕಾರ್‌ಬ್ರಿಜ್‌ನಲ್ಲಿ, ಚಾರ್ಲ್ಸ್ ಡೇನಿಯಲ್ಸ್ ಅವರ ತಂಡಕ್ಕೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಚರ್ಮದ ಹೊದಿಕೆ, ಕಬ್ಬಿಣದ ಕಟ್ಟು. ಕ್ರಿ.ಶ. 122ರಿಂದ 138ರೊಳಗೆ ಯಾವಾಗಲೋ ಹೂತಿದ್ದು. ಒಳಗೆ ಈಟಿಯ ಮೊನೆಗಳು, ಉಪಕರಣಗಳು, ಮೊಳೆಗಳು. ಅವುಗಳ ಜೊತೆಗೆ ಬಟ್ಟೆ ಸುತ್ತಿ ಜೋಡಿಸಿಟ್ಟ ಪಟ್ಟಿ ಕವಚದ ಭಾಗಗಳು. ಎಲ್ಲಾ ಸೇರಿ ತುಕ್ಕಿನ ಒಂದು ಗಟ್ಟಿ ಮುದ್ದೆ. ಆ ತುಕ್ಕೇ ಉಪಕಾರ ಮಾಡಿತು ಅನ್ನಿ. ತಗಡುಗಳು ಇಟ್ಟ ಜಾಗದಲ್ಲೇ ಅಂಟಿಕೊಂಡಿದ್ದವು, ಕೊಳೆತುಹೋದ ಚರ್ಮದ ಗುರುತು ಕೂಡ ಅದರಲ್ಲಿ ಉಳಿದಿತ್ತು.

ಇದನ್ನು ಬಿಡಿಸಿದವರು ಲಂಡನ್ ಟವರ್‌ನ ಆಯುಧ ಸಂಗ್ರಹದಲ್ಲಿದ್ದ ಎಚ್. ರಸೆಲ್ ರಾಬಿನ್ಸನ್. ಕವಚ ನಾಲ್ಕು ಭಾಗ ಅಂತ ಗೊತ್ತಾಯಿತು: ಎಡ ಬಲ ಹೆಗಲಿನವು ಎರಡು, ಹೊಟ್ಟೆ ಸುತ್ತುವವು ಎರಡು. ಹೊಟ್ಟೆಯ ಪಟ್ಟಿಗಳನ್ನು ಒಳಗಡೆ ಚರ್ಮದ ಪಟ್ಟೆಗಳಿಗೆ ರಿವೆಟ್ ಹೊಡೆದು ಕೂರಿಸಿದ್ದರು. ಒಂದು ಪಟ್ಟಿ ಇನ್ನೊಂದರ ಹಿಂದೆ ಜಾರುತ್ತದೆ, ಹಾಗಾಗಿ ಬಗ್ಗಬಹುದು. ಹಿತ್ತಾಳೆಯ ಕೊಂಡಿಗಳಿಗೆ ಹುರಿ ಪೋಣಿಸಿ ಮುಂದೆ ಹಿಂದೆ ಬಿಗಿಯುವುದು. ಬಿಚ್ಚಿದರೆ ಒಂದರೊಳಗೊಂದು ಕೂತು ಸಣ್ಣ ಜಾಗದಲ್ಲಿ ಅಡಗುತ್ತದೆ. ಚರ್ಮದ ವಾದ ಅಲ್ಲಿಗೆ ಮುಗಿಯಿತು. ರಾಬಿನ್ಸನ್ ತಮ್ಮ ಕೆಲಸವನ್ನೆಲ್ಲ 1975ರಲ್ಲಿ ಪುಸ್ತಕವಾಗಿ ತಂದರು.

ಅಷ್ಟರಲ್ಲಿ, 1972ರಲ್ಲಿ, ಗ್ಲಾಸ್ಟರ್‌ಶೈರ್‌ನಲ್ಲಿ ಅರ್ಮೈನ್ ಸ್ಟ್ರೀಟ್ ಗಾರ್ಡ್ ಅನ್ನುವ ಗುಂಪು ಹುಟ್ಟಿಕೊಂಡಿತ್ತು. ಊರವರು ಸೇರಿ ಮಾಡಿದ ಗುಂಪು. ರಾಬಿನ್ಸನ್ ಈ ಗುಂಪಿಗೆ ಸಲಹೆ ಕೊಟ್ಟರು, ಗುಂಪಿನವರು ತಗಡು ಕತ್ತರಿಸಿ ಬಡಿದರು. ನನ್ನ ಮಟ್ಟಿಗೆ ಈ ಕಥೆಯ ಅಸಲಿ ತಿರುವು ಇದೇ. ಗಾಜಿನ ಪೆಟ್ಟಿಗೆಯಲ್ಲಿ ನಿಂತ ಕವಚ ತನ್ನ ತಪ್ಪನ್ನು ಯಾವತ್ತೂ ಹೇಳುವುದಿಲ್ಲ. ಏಳೆಂಟು ಕೆಜಿ ಕಬ್ಬಿಣ ಹೊತ್ತು ಬಿಸಿಲಲ್ಲಿ ಕವಾಯತು ಮಾಡಿದವನ ಹೆಗಲು ಸಂಜೆಯೊಳಗೆ ಹೇಳಿಬಿಡುತ್ತದೆ.

ಹೇಳಿದ್ದೂ ಹಾಗೇ. ಹೆಗಲ ತಗಡುಗಳನ್ನು ಜೋಡಿಸುವ ಹಿತ್ತಾಳೆ ಕೀಲುಗಳನ್ನೇ ತೆಗೆದುಕೊಳ್ಳಿ. ತೆಳು ತಗಡನ್ನು ಮಡಚಿ, ಹೂವಿನ ಎಸಳಿನ ಆಕಾರಕ್ಕೆ ಕತ್ತರಿಸಿ, ಪುಟ್ಟ ರಿವೆಟ್ ಹೊಡೆದಿರುತ್ತಾರೆ. ನೋಡಲು ಚೆಂದ. ಆದರೆ ಕೈ ಎತ್ತಿ ಇಳಿಸುತ್ತಿದ್ದರೆ ಕಿತ್ತು ಬರುತ್ತವೆ. ಎರಡು ಸಾವಿರ ವರ್ಷದ ಹಿಂದೆಯೂ ಇದೇ ಗೋಳು ಇದ್ದಿರಬೇಕು, ಯಾಕೆಂದರೆ ರೋಮನ್ ಕೋಟೆಗಳನ್ನು ಅಗೆದಲ್ಲೆಲ್ಲ ಇಂಥ ಮುರಿದ ಕೀಲು, ಬಕಲ್‌ಗಳು ಸಿಗುತ್ತವೆ. ನ್ಯೂಸ್ಟೆಡ್‌ನ ಕವಚ ಸ್ವಲ್ಪ ನಂತರದ ಮಾದರಿ. ಅದರಲ್ಲಿ ಹೆಗಲಿನ ಕೀಲುಗಳೇ ಇಲ್ಲ, ತಗಡಿಗೆ ತಗಡು ನೇರ ರಿವೆಟ್. ಸೈನ್ಯದ ಕಮ್ಮಾರನಿಗೂ ರಿಪೇರಿ ಮಾಡಿ ಮಾಡಿ ಸಾಕಾಗಿತ್ತು ಅಂತ ಕಾಣುತ್ತದೆ.

ಇನ್ನೊಂದು ಒಳಗಿನ ಮೆತ್ತೆ. ಹೆಗಲ ಮೇಲೆ ದಪ್ಪ ಪದರ ಇಲ್ಲದಿದ್ದರೆ ಕತ್ತಿನ ಬುಡದ ತಗಡು ಎಲುಬಿಗೆ ಒತ್ತುತ್ತದೆ, ಎದೆಯ ತಗಡುಗಳು ಸರಿಯಾಗಿ ಕೂರುವುದೂ ಇಲ್ಲ. ಅಂಥ ಇಡೀ ಒಳ ಉಡುಪು ಎಲ್ಲೂ ಉಳಿದುಬಂದಿಲ್ಲ. ಆದರೂ ಇವತ್ತು ಬಹುತೇಕ ಗುಂಪುಗಳು ಮೆತ್ತೆ ಹಾಕುತ್ತವೆ. ಅಗೆದು ಸಿಗದ್ದನ್ನು ಹೀಗೆ ತೊಟ್ಟು ಕಂಡುಕೊಳ್ಳಬಹುದಾ ಅಂತ ಕೆಲವರ ತಕರಾರು. ನನಗಂತೂ ಇದು ಒಪ್ಪುವ ಮಾತೇ, ಊಹೆ ಅಂತ ಬಾಯಿಬಿಟ್ಟು ಹೇಳಿದರೆ ಸಾಕು.

ಅಂಗಿಯ ವಿಷಯ ಇದಕ್ಕಿಂತ ಮಜಾ ಇದೆ. ಈಜಿಪ್ಟಿನಲ್ಲಿ ಸಿಕ್ಕ ಕ್ರಿ.ಶ. 138ರ ಒಂದು ಪಪೈರಸ್ ಹಾಳೆಯಲ್ಲಿ ಕಪಡೋಸಿಯಾದ (ಇವತ್ತಿನ ಟರ್ಕಿಯ ಭಾಗ) ಸೈನ್ಯಕ್ಕೆ ಬಟ್ಟೆಯ ಆರ್ಡರ್ ಇದೆ. ಬಿಳಿ ಅಂಗಿ, ಉದ್ದ ಮೂರೂವರೆ ಮೊಳ, ಅಗಲ ಮೂರು ಮೊಳ ನಾಲ್ಕು ಬೆರಳು, ಬೆಲೆ 24 ದ್ರಾಕ್ಮಾ. ಉಣ್ಣೆ ಮೆತ್ತಗಿರಬೇಕು, ಅಚ್ಚ ಬಿಳಿ ಇರಬೇಕು, ಕೊಳೆ ಇರಬಾರದು, ಅಂಚು ಗಟ್ಟಿ ಇರಬೇಕು ಅಂತ ನೇಕಾರರಿಗೆ ತಾಕೀತು ಬೇರೆ. ಆ ಅಗಲವನ್ನು ಒಮ್ಮೆ ಮೊಳ ಹಾಕಿ ನೋಡಿ. ಮೈಗೆ ಬಿಗಿಯಾಗಿ ಕೂರುವ ಸಿನಿಮಾ ಅಂಗಿ ಎಲ್ಲಿ, ಇದೆಲ್ಲಿ! ಇದು ದೊಡ್ಡ ಚೀಲದಂಥ ಬಟ್ಟೆ. ಬೆಲ್ಟ್ ಬಿಗಿದು ಮೇಲೆತ್ತಿಕೊಂಡರೆ ನೆರಿಗೆಯಾಗಿ ಮೊಣಕಾಲ ಹತ್ತಿರ ನಿಲ್ಲುತ್ತದೆ. ಈಜಿಪ್ಟಿನ ಶವಗಳ ಮೇಲಿಟ್ಟ ಭಾವಚಿತ್ರಗಳಲ್ಲೂ ಸೈನಿಕರ ಅಂಗಿ ಬಿಳಿಯೇ. ಹಾಗಂತ ಕೆಂಪು ಇರಲೇ ಇಲ್ಲ ಅನ್ನಲಾಗದು, ಮಂಜಿಷ್ಠದ ಬೇರಿನ ಬಣ್ಣ ಆಗ ಎಲ್ಲ ಕಡೆ ಸಿಗುತ್ತಿತ್ತು. ಆದರೆ ಪ್ರತಿಯೊಬ್ಬನೂ ಒಂದೇ ಕೆಂಪು ತೊಡುತ್ತಿದ್ದ ಅನ್ನುವುದಕ್ಕೆ ಪುರಾವೆ ಇಲ್ಲ.

ಚಳಿ ದೇಶದಲ್ಲಿ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಇಂಗ್ಲೆಂಡಿನ ವಿಂಡೊಲಾಂಡಾ ಎಂಬ ರೋಮನ್ ಕೋಟೆ ಉತ್ತರ ಕೊಟ್ಟಿತು. 1973ರಿಂದ ಅಲ್ಲಿ ಮರದ ತೆಳು ಹಲಗೆಯ ಮೇಲೆ ಬರೆದ ಪತ್ರಗಳು ಸಿಗುತ್ತಾ ಬಂದವು. ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ ಸುದ್ದಿ ಇದೆ. ಆ ಪತ್ರ ಓದಿದ ಮೇಲೆ ರೀಎನ್ಯಾಕ್ಟರ್‌ಗಳಿಗೆ ಚಳಿಗಾಲದಲ್ಲಿ ಕಾಲುಚೀಲ ಹಾಕಲು ಯಾವ ಸಂಕೋಚವೂ ಉಳಿಯಲಿಲ್ಲ.

ಚಪ್ಪಲಿಯ ಅಡಿಗೆ ಕಬ್ಬಿಣದ ಮೊಳೆ. ಮಣ್ಣಲ್ಲಿ ಗಟ್ಟಿ ಹಿಡಿತ, ಕಲ್ಲಿನ ಮೇಲೆ ಜಾರುಬಂಡೆ. ಜೆರುಸಲೇಮಿನ ದೇವಾಲಯದ ನುಣುಪು ನೆಲದಲ್ಲಿ ಜೂಲಿಯಾನಸ್ ಎಂಬ ಶತಾಧಿಪತಿ ಓಡುತ್ತಾ ಜಾರಿಬಿದ್ದು ಶತ್ರುಗಳ ಕೈಗೆ ಸಿಕ್ಕಿ ಸತ್ತ ಅಂತ ಆ ಕಾಲದ ಯಹೂದಿ ಇತಿಹಾಸಕಾರ ಜೋಸಿಫಸ್ ಬರೆದಿದ್ದಾನೆ. ಇವತ್ತು ಟೈಲ್ಸ್ ಹಾಕಿದ ಸಭಾಂಗಣಕ್ಕೆ ಪ್ರದರ್ಶನಕ್ಕೆ ಹೋಗುವವರು ಈ ಕಥೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮೊಳೆಗಳು ಸವೆಯುವುದೂ ಬೇಗ. ಕ್ರಿ.ಶ. 69ರಲ್ಲಿ ಸೈನಿಕರು ಮೊಳೆಗೆ ಅಂತಲೇ ಭತ್ಯೆ ಕೇಳಿದ್ದರು. 1985ರಲ್ಲಿ ಜರ್ಮನಿಯ ಇತಿಹಾಸಕಾರ ಮಾರ್ಕಸ್ ಯುಂಕೆಲ್‌ಮನ್ ಒಂದು ಚಿಕ್ಕ ತಂಡ ಕಟ್ಟಿಕೊಂಡು, ಇದೇ ಚಪ್ಪಲಿ, ಇದೇ ಹೊರೆ ಹೊತ್ತು, ಇಟಲಿಯ ವೆರೋನಾದಿಂದ ಆಲ್ಪ್ಸ್ ದಾಟಿ ಆಗ್ಸ್‌ಬರ್ಗ್‌ವರೆಗೆ ನಡೆದೇ ಹೋದರು.

ಇಷ್ಟೆಲ್ಲ ಕವಚ ಯಾರು ಮಾಡುತ್ತಾರೆ? ಕೆಲವರು ಮನೆಯ ಶೆಡ್ಡಿನಲ್ಲಿ ತಾವೇ ಬಡಿದುಕೊಳ್ಳುತ್ತಾರೆ. ಉಳಿದವರ ಮೈಮೇಲಿನದು ಎಷ್ಟೋ ಸಲ ನಮ್ಮ ದೇಶದ್ದೇ, ಮೀರತ್ ಮತ್ತು ಡೆಹ್ರಾಡೂನ್ ಕಡೆಯ ಕಾರ್ಖಾನೆಗಳದ್ದು. 18 ಗೇಜ್ ತಗಡು, ಅಂದರೆ ಹತ್ತಿರ ಹತ್ತಿರ 1.2 ಮಿಲಿಮೀಟರ್. ರೋಮನ್ನರದ್ದು ಎಷ್ಟೋ ಕಡೆ ಇದಕ್ಕಿಂತ ತೆಳ್ಳಗಿತ್ತು. ಸಿದ್ಧ ಅಳತೆಯಲ್ಲಿ ಬರುವುದರಿಂದ ರಿವೆಟ್ ಕಿತ್ತು, ಒಳಗಿನ ಚರ್ಮವನ್ನು ಮೈಗೆ ತಕ್ಕ ಹಾಗೆ ಮತ್ತೆ ಹೊಂದಿಸಿಕೊಳ್ಳುವುದು ಮಾಮೂಲಿ. ಈ ಮಾಲಿನಲ್ಲಿ ಜಾಸ್ತಿ ಕಾಣುವುದು ಕಾರ್‌ಬ್ರಿಜ್ ಮಾದರಿಯೇ.

ಅಲ್ಲೇ ಹೊಸ ತಲೆನೋವು ಶುರು. ಕ್ರಿ.ಶ. 9ರಲ್ಲಿ ವಾರುಸ್ ಎಂಬ ರೋಮನ್ ಸೇನಾಪತಿಯ ಮೂರು ಲೀಜನ್‌ಗಳು, ಅಂದರೆ ಸಾವಿರಾರು ಸೈನಿಕರ ದೊಡ್ಡ ದಳಗಳು, ಜರ್ಮನಿಯ ಕಾಡಿನಲ್ಲಿ ನಾಶವಾದವು. ಆ ಯುದ್ಧದ ಜಾಗ ಅಂತ ಹೆಚ್ಚಿನವರು ಒಪ್ಪುವ ಕಾಲ್ಕ್ರೀಸೆಯಲ್ಲಿ 2018ರಲ್ಲಿ ಹೆಚ್ಚುಕಡಿಮೆ ಇಡೀ ಪಟ್ಟಿ ಕವಚವೇ ಸಿಕ್ಕಿತು. ಮಣ್ಣಿನ ಗಡ್ಡೆಯ ಸಮೇತ ಎತ್ತಿ, ಫ್ಯೂರ್ಟ್ ನಗರದ ದೊಡ್ಡ ಸಿ.ಟಿ. ಸ್ಕ್ಯಾನರಿನಲ್ಲಿಟ್ಟು ಒಳಗಿನ ತಗಡುಗಳನ್ನು ನೋಡಿದರು. 2020ರಲ್ಲಿ ಸುದ್ದಿ ಹೊರಬಿತ್ತು. ಇದು ಕಾರ್‌ಬ್ರಿಜ್ ಪೆಟ್ಟಿಗೆಗಿಂತ ನೂರು ವರ್ಷಕ್ಕೂ ಹಳೆಯದು. ವಾರುಸ್‌ನ ಚಕ್ರವರ್ತಿ ಅಗಸ್ಟಸ್ ಕಾಲದ ಸೈನಿಕನಾಗಿ ಕಾರ್‌ಬ್ರಿಜ್ ಕವಚ ತೊಟ್ಟು ನಿಲ್ಲುತ್ತಿದ್ದವರಿಗೆ ಈಗ ಎರಡೇ ದಾರಿ: ಹೊಸದು ಮಾಡಿಸುವುದು, ಇಲ್ಲವೇ ತಮ್ಮ ಸೈನಿಕನನ್ನು ಹೇಡ್ರಿಯನ್ ಕಾಲಕ್ಕೆ ವರ್ಗ ಮಾಡುವುದು. ಎರಡನೆಯದು ಅಗ್ಗ. ಅದಕ್ಕೇ ಹೊಸದಾಗಿ ಗುಂಪಿಗೆ ಸೇರುವವರಿಗೆ ಹಳಬರು ಹೇಳುವುದು ಇಷ್ಟೇ: ಯಾವ ಕಾಲದವನು ಅಂತ ಮೊದಲು ತೀರ್ಮಾನ ಮಾಡಿಕೋ, ಅಂಗಿ, ಚಪ್ಪಲಿ, ಬೆಲ್ಟ್ ಮಾಡಿಸಿಕೋ, ಕವಚಕ್ಕೆ ದುಡ್ಡು ಹಾಕುವುದು ಆಮೇಲೆ ನೋಡೋಣ.