ಗಡಿಯಲ್ಲಿ ಕೇಳುವ ಆರೋಗ್ಯದ ಕಾಗದ: ಅದು ಬಂದ ದಾರಿ

ವಿಮಾನ ಹತ್ತಲು 72 ಗಂಟೆಯೊಳಗಿನ ಪರೀಕ್ಷಾ ವರದಿ ಬೇಕು. 2020, 2021ರಲ್ಲಿ ಬೇರೆ ದೇಶಕ್ಕೆ ಹೊರಟವರಿಗೆಲ್ಲ ಈ ಮಾತು ಬಾಯಿಪಾಠವಾಗಿತ್ತು. ಕೇಳಲು ಸುಲಭ. ಲೆಕ್ಕ ಹಾಕಲು ಕೂತರೆ ಮಾತ್ರ ತಲೆ ಕೆಡುತ್ತಿತ್ತು. 72 ಗಂಟೆ ಅಂದರೆ ಎಲ್ಲಿಂದ ಎಣಿಸಬೇಕು? ಮೂಗಿನಿಂದ ಮಾದರಿ ತೆಗೆದ ಹೊತ್ತಿನಿಂದಲೋ, ವರದಿ ಕೈಗೆ ಬಂದ ಹೊತ್ತಿನಿಂದಲೋ? ಎಲ್ಲಿಯವರೆಗೆ? ಮೊದಲ ವಿಮಾನ ಹೊರಡುವವರೆಗೋ, ಕೊನೆಯ ವಿಮಾನ ಹತ್ತುವವರೆಗೋ, ಹೋಗಿ ಇಳಿಯುವವರೆಗೋ? ಒಂದೊಂದು ದೇಶದ್ದು ಒಂದೊಂದು ಉತ್ತರ. ಅಮೆರಿಕ 2021ರ ಜನವರಿ 26ರಿಂದ ಪರೀಕ್ಷೆ ಕಡ್ಡಾಯ ಮಾಡಿದಾಗ ಗಂಟೆಯ ಗೋಜೇ ಬೇಡವೆಂದು ‘3 ದಿನ’ ಎಂದಿತು. ಅದೇ ವರ್ಷ ಡಿಸೆಂಬರ್ 6ರಿಂದ ಆ 3 ದಿನ 1 ದಿನಕ್ಕೆ ಇಳಿಯಿತು. ಮೊದಲೇ ಟಿಕೆಟ್ ತೆಗೆದು ಲ್ಯಾಬ್ ಗೊತ್ತು ಮಾಡಿಕೊಂಡಿದ್ದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಇದೆಲ್ಲ ಕೋವಿಡ್ ತಂದ ಹೊಸ ಪಾಡು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಾಗಿಲಲ್ಲಿ ನಿಂತವರು 600 ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ: ಎಲ್ಲಿಂದ ಬಂದೆ, ನಿನ್ನ ಊರಿನವರ ಮಾತನ್ನು ನಂಬಬಹುದಾ? ಪ್ರಯಾಣಿಕರ ಮುಕ್ಕಾಲು ಕಷ್ಟ ಹುಟ್ಟುವುದು ಆ ನಂಬಿಕೆ ಇಲ್ಲದ ಜಾಗದಲ್ಲೇ ಎಂದು ನನಗನ್ನಿಸುತ್ತದೆ.

ಮೂವತ್ತು ದಿನ, ನಲವತ್ತು ದಿನ

1377ರಲ್ಲಿ ರಗೂಸಾ ಎಂಬ ಬಂದರು ಪಟ್ಟಣ ಒಂದು ಕಟ್ಟಳೆ ಮಾಡಿತು. ಇವತ್ತಿನ ಕ್ರೊಯೇಷಿಯಾದ ಡುಬ್ರೊವ್ನಿಕ್ ಅದು. ಪ್ಲೇಗ್ ಇರುವ ಕಡೆಯಿಂದ ಬಂದವರು ನೇರವಾಗಿ ಪಟ್ಟಣಕ್ಕೆ ಬರುವ ಹಾಗಿಲ್ಲ. ಹತ್ತಿರದ ನಡುಗಡ್ಡೆಯಲ್ಲೋ, ಪಕ್ಕದ ಸಣ್ಣ ಊರಲ್ಲೋ ಒಂದು ತಿಂಗಳು ಇರಬೇಕು. ಮುಂದೆ ಈ ಅವಧಿ ನಲವತ್ತು ದಿನಕ್ಕೆ ಏರಿತು. ಇಟಲಿಯವರ ಮಾತಿನಲ್ಲಿ ‘ಕ್ವಾರಂಟಾ’ ಎಂದರೆ ನಲವತ್ತು. ಕ್ವಾರಂಟೈನ್ ಅನ್ನುವ ಪದ ಬಂದದ್ದು ಅಲ್ಲಿಂದ. 1423ರಲ್ಲಿ ವೆನಿಸ್ ಒಂದು ದ್ವೀಪದಲ್ಲಿ ಇದಕ್ಕೆಂದೇ ಕಾಯಂ ಆಸ್ಪತ್ರೆ ಕಟ್ಟಿತು.

ಬಂದ ಹಡಗುಗಳನ್ನೆಲ್ಲ ಹೀಗೆ ನಿಲ್ಲಿಸಿದರೆ ವ್ಯಾಪಾರ ನಡೆಯುವುದಿಲ್ಲ. ಅದಕ್ಕೇ ಆರೋಗ್ಯ ಪತ್ರ ಹುಟ್ಟಿಕೊಂಡಿತು. ಹಡಗು ಹೊರಡುವಾಗ ಆ ಬಂದರಿನ ಅಧಿಕಾರಿ ‘ನಮ್ಮಲ್ಲಿ ರೋಗವಿಲ್ಲ’ ಎಂದು ಬರೆದು ಕೊಡಬೇಕು. ಶುದ್ಧ ಪತ್ರ ಇದ್ದರೆ ಕಾಯುವುದು ಕಡಿಮೆ, ಇಲ್ಲದಿದ್ದರೆ ಜಾಸ್ತಿ.

ಈ ಪತ್ರ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು 1720ರ ಮಾರ್ಸೇಲ್ಸ್ ನೋಡಬೇಕು. ಗ್ರಾಂ ಸೇಂಟ್ ಆಂಟೊಯಿನ್ ಎಂಬ ಹಡಗು ಆ ವರ್ಷ ಜನವರಿ ಕೊನೆಯಲ್ಲಿ ಸಿಡಾನ್ ಬಂದರಿನಿಂದ ಹೊರಟಿತು. ಅದು ಈಗಿನ ಲೆಬನಾನಿನಲ್ಲಿದೆ. ಹಡಗಿನ ಕೈಯಲ್ಲಿ ಶುದ್ಧ ಪತ್ರವಿತ್ತು. ಹೊರಡುವ ಹೊತ್ತಿಗೆ ಅಲ್ಲಿ ಪ್ಲೇಗ್ ಇದೆ ಎಂದು ಯಾರೂ ಸಾರಿರಲಿಲ್ಲ. ದಾರಿಯಲ್ಲಿ ಒಬ್ಬೊಬ್ಬರೇ ಸಾಯತೊಡಗಿದರು. ಇಟಲಿಯ ಲಿವೊರ್ನೊ ಬಂದರು ಹಡಗನ್ನು ಒಳಗೆ ಬಿಡಲಿಲ್ಲ. ಮೇ 25ರಂದು ಅದು ಮಾರ್ಸೇಲ್ಸ್ ತಲುಪಿತು. ಒಳಗಿದ್ದದ್ದು ಬೆಲೆಬಾಳುವ ಬಟ್ಟೆ ಮತ್ತು ಹತ್ತಿ. ಬೇಸಿಗೆಯಲ್ಲಿ ನಡೆಯುವ ಬೊಕೇರ್ ಜಾತ್ರೆಗೆ ಅದು ಮುಟ್ಟಬೇಕಿತ್ತು. ಸರಕಿನ ಪಾಲುದಾರರಲ್ಲಿ ಪಟ್ಟಣದ ಆಡಳಿತ ನಡೆಸುವವರೂ ಇದ್ದರು. ನಿಯಮ ಸಡಿಲವಾಯಿತು, ಸರಕು ದಡ ಸೇರಿತು. ಎರಡು ವರ್ಷದಲ್ಲಿ ಆ ನಗರದ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು.

ಆ ಪತ್ರದಲ್ಲಿ ಸುಳ್ಳೇನೂ ಬರೆದಿರಲಿಲ್ಲ, ಅಲ್ವಾ? ಅದು ಹೊರಟ ದಿನದ ಸುದ್ದಿ ಮಾತ್ರ ಹೇಳುತ್ತಿತ್ತು. ನಡುವೆ ಏನಾಯಿತು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಮೂರು ದಿನದ ಹಿಂದಿನ ನೆಗೆಟಿವ್ ವರದಿಗೂ ಇದೇ ಮಿತಿ ಇತ್ತು. 3 ದಿನ 1 ದಿನವಾದದ್ದು ಇದಕ್ಕಾಗಿಯೇ.

ಒಂದೇ ನಿಯಮಕ್ಕಾಗಿ ನೂರು ವರ್ಷ

19ನೇ ಶತಮಾನದಲ್ಲಿ ಹಬೆ ಹಡಗು ಬಂತು, ರೈಲು ಬಂತು, ಜೊತೆಗೆ ಕಾಲರಾವೂ ಪ್ರಯಾಣ ಮಾಡಿತು. ಒಂದೊಂದು ಬಂದರಿಗೆ ಒಂದೊಂದು ನಿಯಮವಾದರೆ ಹಡಗಿನವರು ಏನು ಮಾಡಬೇಕು? 1851ರಲ್ಲಿ 12 ದೇಶಗಳು ಪ್ಯಾರಿಸ್‌ನಲ್ಲಿ ಸೇರಿದವು. ಒಂದೊಂದು ದೇಶದಿಂದಲೂ ಒಬ್ಬ ವೈದ್ಯ, ಒಬ್ಬ ರಾಯಭಾರಿ. ತಿಂಗಳುಗಟ್ಟಲೆ ಮಾತಾಡಿದರೂ ಕಾಲರಾ ಹೇಗೆ ಹರಡುತ್ತದೆ ಎಂಬುದೇ ಬಗೆಹರಿಯಲಿಲ್ಲ. ಹಡಗು ವ್ಯಾಪಾರದಲ್ಲಿ ಮುಂದಿದ್ದ ಬ್ರಿಟನ್ ಕ್ವಾರಂಟೈನ್ ಕಡಿಮೆ ಇರಲಿ ಎನ್ನುತ್ತಿತ್ತು. ಮೆಡಿಟರೇನಿಯನ್ ದಂಡೆಯ ದೇಶಗಳಿಗೆ ಅದು ಬಿಗಿಯಾಗಿಯೇ ಇರಬೇಕಿತ್ತು. ಎಲ್ಲರೂ ಒಪ್ಪಿ ಜಾರಿಗೆ ಬಂದ ಮೊದಲ ಒಪ್ಪಂದ ಸಿಕ್ಕಿದ್ದು 1892ರಲ್ಲಿ, ವೆನಿಸ್‌ನಲ್ಲಿ. ಅದು ಸೂಯೆಜ್ ಕಾಲುವೆ ದಾಟುವ ಹಡಗುಗಳಿಗೆ ಸಂಬಂಧಿಸಿದ್ದು.

ಆ ಕಾಲದಲ್ಲಿ ಹೆಚ್ಚು ಭಾರ ಹೊತ್ತವರು ಹಜ್ ಯಾತ್ರಿಕರು. 1865ರಲ್ಲಿ ಮೆಕ್ಕಾದಲ್ಲಿ ಕಾಲರಾ ಕಾಣಿಸಿಕೊಂಡು ಯುರೋಪಿನವರೆಗೆ ಹರಡಿತ್ತು. 1882ರಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಒಟ್ಟೋಮನ್ ಸರ್ಕಾರ ಒಂದು ತಡೆಠಾಣೆ ತೆರೆಯಿತು. ದಕ್ಷಿಣದಿಂದ ಬರುವ ಯಾತ್ರಿಕರ ಹಡಗುಗಳು ಅಲ್ಲಿ ನಿಲ್ಲಬೇಕು. ಜನ ಇಳಿಯಬೇಕು, ಬಟ್ಟೆಬರೆ ಸೋಂಕು ಕಳೆಯಲು ಹೋಗಬೇಕು, ಅಧಿಕಾರಿಗಳು ಬಿಡುವವರೆಗೆ ಬಿಸಿಲಲ್ಲಿ ಕಾಯಬೇಕು. ಜೀವಮಾನವೆಲ್ಲ ಉಳಿಸಿದ ಹಣದಲ್ಲಿ ಯಾತ್ರೆ ಹೊರಟವರು ಅವರು. ರೋಗದ ಭಯ ನಿಜವೇ ಆಗಿತ್ತು. ಆದರೂ ನಿಯಮದ ಏಟು ಎಲ್ಲರ ಬೆನ್ನಿಗೂ ಒಂದೇ ಸಮ ಬೀಳಲಿಲ್ಲ. ಇದನ್ನು ಮರೆಯಬಾರದು.

ವಿಮಾನ ಬಂದ ಮೇಲೆ ನಡುಗಡ್ಡೆಯ ಉಪಾಯ ಕೆಲಸ ಮಾಡಲಿಲ್ಲ. ಹಡಗು ವಾರಗಟ್ಟಲೆ ಸಮುದ್ರದಲ್ಲಿದ್ದಾಗ ರೋಗ ಇದ್ದರೆ ದಾರಿಯಲ್ಲೇ ಕಾಣಿಸುತ್ತಿತ್ತು. ವಿಮಾನದಲ್ಲಿ ಬರುವವರು ರೋಗ ಕಾಣಿಸುವ ಮೊದಲೇ ಇಳಿದು ಮನೆ ಸೇರುತ್ತಾರೆ. 1933ರಲ್ಲಿ ವಿಮಾನಯಾನಕ್ಕೆಂದೇ ಬೇರೆ ಒಪ್ಪಂದವಾಯಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶುರುವಾಯಿತು. 1951ರಲ್ಲಿ ಅದು ಎಲ್ಲ ಹಳೆಯ ಒಪ್ಪಂದಗಳ ಜಾಗಕ್ಕೆ ಒಂದೇ ನಿಯಮಾವಳಿ ತಂದಿತು. ಹಡಗಿನ ಪತ್ರ ಈಗ ಒಬ್ಬೊಬ್ಬ ಪ್ರಯಾಣಿಕರ ಕೈಗೂ ಬಂತು. ಅದೇ ಹಾಕಿಸಿಕೊಂಡ ಲಸಿಕೆಗಳನ್ನು ಬರೆದಿಡುವ ಹಳದಿ ಪುಸ್ತಕ. ಸಿಡುಬಿನ ಲಸಿಕೆ ಮೊದಲ ಸಲ ಹಾಕಿಸಿಕೊಂಡರೆ 8 ದಿನ ಆದ ಮೇಲೆ ಅದು ಲೆಕ್ಕಕ್ಕೆ ಬರುತ್ತಿತ್ತು, 3 ವರ್ಷ ನಡೆಯುತ್ತಿತ್ತು.

ಪುಸ್ತಕ ಇದ್ದ ಮಾತ್ರಕ್ಕೆ ರೋಗ ನಿಲ್ಲುತ್ತದೆ ಎಂದೇನಿಲ್ಲ. 1972ರಲ್ಲಿ ಇರಾಕ್ ಮೂಲಕ ಊರಿಗೆ ಮರಳಿದ ಒಬ್ಬ ಯಾತ್ರಿಕನಿಂದ ಯುಗೊಸ್ಲಾವಿಯಾದಲ್ಲಿ ಸಿಡುಬು ಹರಡಿತು. 175 ಜನರಿಗೆ ತಗುಲಿ 35 ಜನ ತೀರಿಕೊಂಡರು. ಹಾಗಂತ ಲಸಿಕೆ ವ್ಯರ್ಥವಾಗಲಿಲ್ಲ. ಜಗತ್ತಿನ ಉದ್ದಗಲಕ್ಕೂ ಲಸಿಕೆ ಹಾಕಿದ್ದರಿಂದಲೇ 1980ರಲ್ಲಿ ಸಿಡುಬು ನಿರ್ನಾಮವಾಯಿತೆಂದು ಘೋಷಿಸಲು ಆಯಿತು. ಪುಸ್ತಕದ ಆ ಪುಟವೂ ಅಲ್ಲಿಗೆ ಮುಗಿಯಿತು.

2003ರಲ್ಲಿ ಸಾರ್ಸ್ ಬಂದಾಗ ಹಳೆಯ ನಿಯಮಾವಳಿ ಸಾಲಲಿಲ್ಲ. ಹೆಸರು ಹಿಡಿದು ಹೇಳಿದ ಕೆಲವೇ ರೋಗಗಳಿಗೆ ಅದು ಅನ್ವಯಿಸುತ್ತಿತ್ತು. ಹೊಸ ನಿಯಮಾವಳಿ 2005ರಲ್ಲಿ ಸಿದ್ಧವಾಗಿ 2007ರ ಜೂನ್ 15ರಂದು ಜಾರಿಗೆ ಬಂತು. ಯಾವುದೇ ರೋಗವಿರಲಿ, ದೇಶಗಳು ಬೇಗ ತಿಳಿಸಬೇಕು. ಬೇರೆಯವರು ಬೇಕಾಬಿಟ್ಟಿ ಬಾಗಿಲು ಹಾಕಬಾರದು. ಜನರ ಓಡಾಟಕ್ಕೆ ದೊಡ್ಡ ಅಡ್ಡಿ ಮಾಡುವುದಾದರೆ 48 ಗಂಟೆಯೊಳಗೆ ಕಾರಣ ಕೊಡಬೇಕು. ನಂಬಿಕೆಯನ್ನು ಬರಹಕ್ಕೆ ಇಳಿಸುವ ಒಳ್ಳೆಯ ಪ್ರಯತ್ನ ಇದು. ಪಾಲಿಸದವರಿಗೆ ಶಿಕ್ಷೆ ಮಾತ್ರ ಇರಲಿಲ್ಲ.

ಕೋವಿಡ್ ಬಂದಾಗ

2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿತು. ಪ್ರಯಾಣ ನಿರ್ಬಂಧ ಬೇಡ ಎಂದೂ ಹೇಳಿತು. ಆ ಮಾತು ನಿಲ್ಲಲಿಲ್ಲ. ಏಪ್ರಿಲ್ ಹೊತ್ತಿಗೆ ಏನೂ ನಿರ್ಬಂಧವಿಲ್ಲದ ದೇಶವೇ ಉಳಿದಿರಲಿಲ್ಲ. ಆಸ್ಟ್ರೇಲಿಯಾ 2020ರ ಮಾರ್ಚ್ 20ರಂದು ಮುಚ್ಚಿದ ಬಾಗಿಲನ್ನು ಪ್ರವಾಸಿಗರಿಗೆ ತೆರೆದದ್ದು 2022ರ ಫೆಬ್ರವರಿ 21ರಂದು. ನ್ಯೂಜಿಲೆಂಡ್‌ನಲ್ಲಿ ಅಲ್ಲಿನ ಪ್ರಜೆಗಳೇ ತಮ್ಮ ದೇಶಕ್ಕೆ ಮರಳಲು ಕ್ವಾರಂಟೈನ್ ಹೋಟೆಲಿನ ಕೋಣೆ ಮೊದಲೇ ಕಾದಿರಿಸಬೇಕಿತ್ತು. ಕೋಣೆಗಿಂತ ಕೇಳುವವರು ಜಾಸ್ತಿ. ಕೊನೆಕೊನೆಗೆ ಆನ್‌ಲೈನ್ ಸಾಲಿನಲ್ಲಿ ಯಾರ ಸಂಖ್ಯೆ ಮೊದಲು ಬರುತ್ತದೋ ಅವರಿಗೆ ಕೋಣೆ. ತಂದೆ ತಾಯಿ ಹಾಸಿಗೆ ಹಿಡಿದಿರುವಾಗ ಪರದೆಯ ಮೇಲೆ ಸಂಖ್ಯೆ ನೋಡುತ್ತ ಕೂತವರ ಸಂಕಟ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಲಸಿಕೆ ಬಂದ ಮೇಲೆ ದಾರಿ ಸುಲಭವಾಗಬೇಕಿತ್ತು. ಬದಲಿಗೆ ‘ಯಾವ ಲಸಿಕೆ’ ಎಂಬ ಪ್ರಶ್ನೆ ಎದ್ದಿತು. ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ ಕ್ಯೂಆರ್ ಕೋಡ್ ಇರುವ ಒಂದೇ ಪ್ರಮಾಣಪತ್ರ ತಂದಿತು. ಲಸಿಕೆ, ಪರೀಕ್ಷೆ, ಗುಣಮುಖರಾದದ್ದು ಮೂರಕ್ಕೂ ಅದೇ ಆಗುತ್ತಿತ್ತು. ಇದ್ದುದರಲ್ಲಿ ಅದೇ ಒಳ್ಳೆಯ ಏರ್ಪಾಡು. ಬೇರೆ ಕಡೆ ಹಾಗಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಭಾರತದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರನ್ನು ಲಸಿಕೆ ಪಡೆಯದವರಂತೆಯೇ ನಡೆಸಿಕೊಂಡಿತು. ಅದು ಬ್ರಿಟನ್ನಿನಲ್ಲೇ ರೂಪುಗೊಂಡ ಆಸ್ಟ್ರಾಜೆನೆಕಾ ಲಸಿಕೆ. ತಕರಾರು ಎದ್ದ ಮೇಲೆ ಲಸಿಕೆಯ ಹೆಸರನ್ನು ಪಟ್ಟಿಗೆ ಸೇರಿಸಿದರು, ಆದರೆ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಭಾರತ ಅಕ್ಟೋಬರ್ 4ರಿಂದ ಬ್ರಿಟನ್ ಪ್ರಜೆಗಳಿಗೆ 10 ದಿನದ ಕ್ವಾರಂಟೈನ್ ಹಾಕಿತು. ಅಕ್ಟೋಬರ್ 11ರಿಂದ ಬ್ರಿಟನ್ ಒಪ್ಪಿಕೊಂಡಿತು. ಮೈಯಲ್ಲಿದ್ದ ಔಷಧಿ ಅದೇ. ತೊಡಕಾದದ್ದು ಕಾಗದ ಕೊಟ್ಟ ದೇಶ ಯಾವುದು ಎಂಬುದು.

ಅದಕ್ಕಿಂತ ನೋವಿನದ್ದು ಓಮಿಕ್ರಾನ್ ಸಂಗತಿ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ರೂಪಾಂತರಿಯ ಬಗ್ಗೆ ಜಗತ್ತಿಗೆ ತಿಳಿಸಿದರು. ಒಂದೆರಡು ದಿನದಲ್ಲೇ ಆ ಭಾಗದ ದೇಶಗಳಿಗೆ ಸಾಲುಸಾಲಾಗಿ ವಿಮಾನ ನಿಂತವು. ನೆದರ್ಲೆಂಡ್ಸ್‌ಗೆ ಹೊರಟಿದ್ದ ಎರಡು ವಿಮಾನಗಳ ಸುಮಾರು 600 ಪ್ರಯಾಣಿಕರು ಆಕಾಶದಲ್ಲಿದ್ದಾಗಲೇ ನಿಯಮ ಬದಲಾಗಿತ್ತು. ಇಳಿದವರನ್ನು ಗಂಟೆಗಟ್ಟಲೆ ತಡೆದು ಪರೀಕ್ಷಿಸಿದಾಗ 61 ಜನರಿಗೆ ಕೋವಿಡ್ ಇತ್ತು. ಆಮೇಲೆ ತಿಳಿದದ್ದೇನು? ನವೆಂಬರ್ 19ರಂದೇ ನೆದರ್ಲೆಂಡ್ಸ್‌ನಲ್ಲಿ ತೆಗೆದ ಮಾದರಿಯಲ್ಲಿ ಓಮಿಕ್ರಾನ್ ಇತ್ತು! ನಿಜ ಹೇಳಿದ ದೇಶಕ್ಕೆ ಮೊದಲ ಪೆಟ್ಟು ಬಿದ್ದರೆ ನಾಳೆ ಇನ್ನೊಂದು ದೇಶ ಯಾಕೆ ಬೇಗ ಬಾಯಿ ಬಿಡುತ್ತದೆ? ರೋಗ ಇದೆಯೆಂದು ಗೊತ್ತಿದ್ದರೂ ಅದು ಸುಮ್ನೆ ಶುದ್ಧ ಪತ್ರ ಬರೆಯುತ್ತ ಕೂರಬಹುದು. ನನಗೆ ಇದೇ ದೊಡ್ಡ ಭಯ.

ಯೋಜನೆ ಹಾಕುವವರಿಗೆ

ಈ ಹಿನ್ನೆಲೆ ಗೊತ್ತಿದ್ದರೆ ಪ್ರಯಾಣದ ಲೆಕ್ಕ ಸ್ವಲ್ಪ ಹಗುರವಾಗುತ್ತದೆ. ಇಳಿಯುವ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಹಳದಿ ಜ್ವರದ ಲಸಿಕೆಯನ್ನೇ ನೋಡಿ. ಹಾಕಿಸಿಕೊಂಡ 10 ದಿನದ ನಂತರವೇ ಅದರ ಪ್ರಮಾಣಪತ್ರ ಊರ್ಜಿತ. ಹೊರಡುವ ವಾರ ನೆನಪಾದರೆ ಕೆಲಸ ಕೆಟ್ಟಿತು. ಹೋಗುವ ದೇಶದಲ್ಲಿ ಹಳದಿ ಜ್ವರ ಇಲ್ಲದಿದ್ದರೂ ಕೇಳಬಹುದು. ಯಾಕೆಂದರೆ ಅವರು ನೋಡುವುದು ನೀವು ಬಂದ ದಾರಿ. ರೋಗವಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಕಾದಿದ್ದರೂ ಹಲವು ದೇಶಗಳು ಪುಸ್ತಕ ತೋರಿಸಿ ಅನ್ನುತ್ತವೆ. ಹಾಗಾಗಿ ಅಗ್ಗದ ಟಿಕೆಟ್ ತೆಗೆಯುವ ಮುಂಚೆ ನಡುವೆ ಎಲ್ಲಿ ಇಳಿದು ಹತ್ತಬೇಕು ಎಂದು ನೋಡಲೇಬೇಕು. ಎರಡು ಬೇರೆ ಬೇರೆ ಟಿಕೆಟ್ ತೆಗೆದು ನಡುವಿನ ದೇಶದಲ್ಲಿ ಲಗೇಜ್ ಬಿಡಿಸಿಕೊಂಡು ಮತ್ತೆ ಕೊಡಬೇಕಾದರೆ ಆ ದೇಶದ ಒಳಗೆ ಹೋದಂತೆಯೇ. ಅಲ್ಲಿನ ನಿಯಮವೂ ನಿಮ್ಮ ಮೇಲೆ ಬೀಳುತ್ತದೆ.

ಕಾಗದವನ್ನು ಮೊದಲು ನೋಡುವುದು ಗಡಿ ಅಧಿಕಾರಿಯಲ್ಲ, ವಿಮಾನ ಸಂಸ್ಥೆಯ ಸಿಬ್ಬಂದಿ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ಸಂಸ್ಥೆಗೆ ದಂಡ, ವಾಪಸ್ ಕರೆದೊಯ್ಯುವ ಹೊಣೆಯೂ ಅದರದ್ದೇ. ಅವರು ನೋಡುವುದು ಒಂದೊಂದು ದೇಶದ ಪ್ರವೇಶ ನಿಯಮ ಇರುವ ಟಿಮ್ಯಾಟಿಕ್ ಎಂಬ ದತ್ತಾಂಶ ಕೋಶವನ್ನು. ಅನುಮಾನ ಬಂದರೆ ಹತ್ತಿಸುವುದಿಲ್ಲ. ಆದ್ದರಿಂದ ಹೋಗುವ ದೇಶದ ಸರ್ಕಾರಿ ಪುಟವನ್ನು ಟಿಕೆಟ್ ತೆಗೆಯುವಾಗ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಓದಿ, ಅದರ ಪ್ರತಿ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಪ್ರಮಾಣಪತ್ರದಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆದಿಲ್ಲ ಎಂಬಷ್ಟಕ್ಕೇ ಕೌಂಟರಿನಲ್ಲಿ ಪ್ರಶ್ನೆ ಏಳಬಹುದು.

2023ರ ಮೇ 5ರಂದು ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತು. ಅಮೆರಿಕದ ಲಸಿಕೆ ನಿಯಮ ಅದೇ ತಿಂಗಳು ಹೋಯಿತು. ಚೀನಾ ಪ್ರವೇಶಕ್ಕೆ ಕೇಳುತ್ತಿದ್ದ ಪರೀಕ್ಷೆಯನ್ನು ಆಗಸ್ಟ್ 30ರಿಂದ ಬಿಟ್ಟಿತು. ಆದರೆ ಪೋಲಿಯೊ ವಿಷಯದಲ್ಲಿ 2014ರಲ್ಲಿ ಘೋಷಿಸಿದ ತುರ್ತು ಪರಿಸ್ಥಿತಿ ಕೋವಿಡ್‌ನದ್ದು ಮುಗಿದ ಮೇಲೂ ಮುಂದುವರಿಯಿತು. ಪೋಲಿಯೊ ಉಳಿದ ದೇಶಗಳ ನಿವಾಸಿಗಳು ಹೊರಡುವ ಮುನ್ನ ಲಸಿಕೆ ಹಾಕಿಸಿಕೊಂಡು ಹಳದಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನಿಯಮಾವಳಿಗೆ 2024ರ ಜೂನ್ 1ರಂದು ಒಪ್ಪಿದ ತಿದ್ದುಪಡಿಗಳು 2025ರ ಸೆಪ್ಟೆಂಬರ್ 19ರಂದು ಜಾರಿಗೆ ಬಂದವು. ಆರೋಗ್ಯ ದಾಖಲೆ ಕಾಗದದಲ್ಲೂ ಇರಬಹುದು, ಡಿಜಿಟಲ್ ಆಗಿಯೂ ಇರಬಹುದು ಎಂದು ಅವು ಹೇಳುತ್ತವೆ. ಕೋಡ್ ಸ್ಕ್ಯಾನ್ ಮಾಡಿದರೆ ಕಾಗದ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಅದನ್ನು ಕೊಟ್ಟ ದೇಶವನ್ನು ನಂಬಬೇಕೋ ಬೇಡವೋ ಎಂಬುದನ್ನು ಈಗಲೂ ಎದುರಿನ ದೇಶದ ಮನುಷ್ಯರೇ ಕೂತು ತೀರ್ಮಾನಿಸಬೇಕು.