ಲಿವರಿ: ಗಾಡಿ ತೊಡುವ ಬಟ್ಟೆ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಓಡಿ ಬಂದ. "ಮಾವ, ಹೊಸ ಲಿವರಿ ಹಾಕಿದೀನಿ ನೋಡು" ಅಂದ. ಅಡುಗೆಮನೆಯಲ್ಲಿದ್ದ ಅಮ್ಮ ಗಾಬರಿಯಾಗಿ, "ಯಾರ ಲಿವರಿಗೆ ಏನಾಯ್ತೋ?" ಅಂತ ಕೇಳಿದರು.

ಅವನು ಆಡುತ್ತಿದ್ದದ್ದು ಇಂಡೊನೇಷ್ಯಾದವರು ಮಾಡಿದ ಬಸ್ ಓಡಿಸುವ ಆಟ. ಅದರಲ್ಲಿ ಬಸ್ಸಿನ ಮೈಗೆ ಬೇಕಾದ ಚಿತ್ರ ಹೊದಿಸಬಹುದು. ನಮ್ಮ ಕೆಂಪು ಬಸ್ಸು, ಕೇರಳದ ಟೂರಿಸ್ಟ್ ಬಸ್ಸು, ಯಾವುದು ಬೇಕಾದರೂ ಮಾಡಿಕೊಳ್ಳಬಹುದು. ಆ ಹೊದಿಕೆಯ ಹೆಸರೇ ಲಿವರಿ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಯಲ್ಲೂ ನಾನು ಕೇಳದ ಈ ಪದ ಎಂಟನೇ ಕ್ಲಾಸಿನ ಹುಡುಗರ ಬಾಯಲ್ಲಿ ಸರಾಗವಾಗಿ ಓಡಾಡುತ್ತಿದೆ.

ಲಿವರಿ ಅಂದರೆ ಒಂದು ಸಂಸ್ಥೆ ತನ್ನ ಎಲ್ಲ ಗಾಡಿಗಳಿಗೂ ಗೊತ್ತು ಮಾಡಿದ ಒಂದೇ ಬಗೆಯ ಹೊರರೂಪ. ಬಣ್ಣ, ಪಟ್ಟಿ, ಲಾಂಛನ, ಅಕ್ಷರದ ಶೈಲಿ, ಯಾವುದು ಎಲ್ಲಿ ಬರಬೇಕು ಅನ್ನೋದು, ಇದೆಲ್ಲ ಸೇರಿ ಲಿವರಿ. ಒಂದು ಜೀಪಿಗೆ ನೀಲಿ ಬಳಿದರೆ ಅದು ಪೇಂಟು ಅಷ್ಟೆ. ಐವತ್ತು ಬಸ್ಸಿಗೂ ಅದೇ ನೀಲಿ, ಅದೇ ಜಾಗದಲ್ಲಿ ಅದೇ ಬಿಳಿ ಪಟ್ಟಿ ಬಂದರೆ ಲಿವರಿ.

ಪದ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ 'ಕೊಟ್ಟದ್ದು', 'ಕೈಗೆ ಒಪ್ಪಿಸಿದ್ದು'. ನಾವು ದಿನಾ ಬಳಸುವ 'ಡೆಲಿವರಿ' ಕೂಡ ಇದೇ ಬಳ್ಳಿಯದು. ಯುರೋಪಿನ ದೊಡ್ಡ ಮನೆತನಗಳಲ್ಲಿ ಒಡೆಯ ತನ್ನ ಆಳುಗಳಿಗೆ ಊಟ, ಬಟ್ಟೆ ಕೊಡುತ್ತಿದ್ದ. ಹಾಗೆ ಕೊಟ್ಟದ್ದೆಲ್ಲ ಲಿವರಿ. ಕುದುರೆಗೆ ಅಳೆದು ಹಾಕುವ ಮೇವಿಗೂ ಇದೇ ಮಾತಿತ್ತು. ಬರಬರುತ್ತ ಆಳುಗಳು ತೊಡುವ ಬಟ್ಟೆಗೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಬಟ್ಟೆಯ ಬಣ್ಣ ನೋಡಿದರೆ ಸಾಕು, ಇವನು ಯಾವ ಮನೆಯವನು ಅಂತ ಊರಿಗೆ ಗೊತ್ತಾಗಬೇಕು. ಆಮೇಲೆ ಸಾರೋಟು, ರೈಲು, ಬಸ್ಸು, ವಿಮಾನ ಎಲ್ಲದರ ಮೈಮೇಲೂ ಪದ ಹತ್ತಿ ಕೂತಿತು.

ನಮ್ಮಲ್ಲಿ ಇದಕ್ಕೆ ಸರಿಯಾದ ಉದಾಹರಣೆ ಬೇಕಾದರೆ ಜಿಲ್ಲಾಧಿಕಾರಿ ಕಚೇರಿಯ ದಫೇದಾರರನ್ನು ನೋಡಿ. ಬಿಳಿ ಉಡುಪು, ತಲೆಗೆ ಪೇಟ, ಎದೆಗೆ ಅಡ್ಡವಾಗಿ ಪಟ್ಟಿ. ಆ ಬಟ್ಟೆ ಅವರ ಇಷ್ಟದ್ದಲ್ಲ. ಅವರು ಯಾರ ಬಾಗಿಲಲ್ಲಿ ನಿಂತಿದ್ದಾರೆ ಅನ್ನೋದನ್ನು ಅದು ಹೇಳುತ್ತದೆ. ಮನೆಗೆ ಹೋಗಿ ಪಂಚೆ ಉಟ್ಟರೆ ಪಕ್ಕದ ಬೀದಿಯವರಿಗೂ ಗುರುತು ಸಿಗುವುದಿಲ್ಲ.

ಗಾಡಿಯ ವಿಷಯದಲ್ಲೂ ಕತೆ ಇದೇ. ಲಂಡನ್ನಿನ ಕೆಂಪು ಬಸ್ಸು ಜಗತ್ತಿಗೇ ಗೊತ್ತು, ಅಲ್ವಾ? ಅದು ರಾಣಿಗೆ ಇಷ್ಟ ಅಂತ ಬಂದ ಕೆಂಪಲ್ಲ. ಒಂದು ಕಾಲದಲ್ಲಿ ಅಲ್ಲಿ ನಮ್ಮ ಶಿವಮೊಗ್ಗದ ಹಾಗೆ ಹತ್ತಾರು ಖಾಸಗಿ ಕಂಪನಿಗಳ ಬಸ್ಸುಗಳು ಪೈಪೋಟಿಗೆ ಬಿದ್ದು ಓಡುತ್ತಿದ್ದವು. ಅವುಗಳಲ್ಲಿ ದೊಡ್ಡದಾಗಿದ್ದ ಲಂಡನ್ ಜನರಲ್ ಕಂಪನಿ, ಉಳಿದವರಿಗಿಂತ ಬೇರೆಯಾಗಿ ಕಾಣಲಿ ಅಂತ 1907ರಲ್ಲಿ ತನ್ನ ಬಸ್ಸುಗಳಿಗೆಲ್ಲ ಕೆಂಪು ಬಳಿಸಿತು. ವ್ಯಾಪಾರದ ಉಪಾಯವಾಗಿದ್ದದ್ದು ಊರಿನ ಗುರುತಾಗಿ ಉಳಿಯಿತು.

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ದಾರಿಯಲ್ಲಿ ಬಸ್ಸಿಗೆ ಕಾಯುವವರು ಬೋರ್ಡ್ ಓದುವುದು ಕೊನೆಗೆ. ತಿರುವಿನಲ್ಲಿ ಬಣ್ಣ ಕಂಡ ಕೂಡಲೇ ಚೀಲ ಎತ್ತಿಕೊಳ್ಳುತ್ತಾರೆ. ಅಮ್ಮನ ತವರು ಆಯನೂರಿನ ಹತ್ತಿರ. ಅಲ್ಲಿಗೆ ಸಂಜೆ ಐದೂವರೆಗೆ ಒಂದು ಬಸ್ಸಿತ್ತು. ಕೆನೆ ಬಣ್ಣ, ನಡುವೆ ಕುಂಕುಮದ ಬಣ್ಣದ ಅಗಲ ಪಟ್ಟಿ. ಒಂದು ಸಲ ಅದು ಕೈ ಬದಲಾಗಿ ಹೊಸ ಮಾಲೀಕರ ಪಾಲಾಯಿತು. ಅವರು ಪೂರ್ತಿ ಬಿಳಿ ಮಾಡಿಸಿದರು. ಡ್ರೈವರ್ ಅದೇ, ಸಮಯ ಅದೇ, ಹಾರನ್ನೂ ಅದೇ. ಅಮ್ಮ ಮಾತ್ರ ಯಾವುದೋ ಮದುವೆ ದಿಬ್ಬಣದ ಗಾಡಿ ಅಂದುಕೊಂಡು ಕೈ ಅಡ್ಡ ಹಿಡಿಯಲಿಲ್ಲ. ಬಸ್ಸು ಮುಂದೆ ಹೋಯಿತು. ಆ ರಾತ್ರಿ ಆಟೋಗೆ ಕೊಟ್ಟ ದುಡ್ಡಿನ ಲೆಕ್ಕ ಈಗಲೂ ಹೇಳುತ್ತಾರೆ.

ಈಗ ಲೈಟ್ ರೈಲಿಗೆ ಬರೋಣ. ಲಿವರಿಯ ಬಗ್ಗೆ ದೊಡ್ಡ ದೊಡ್ಡ ಜಗಳ ನಡೆಯುವುದು ಅಲ್ಲೇ. ಲೈಟ್ ಅಂದರೆ ಇಲ್ಲಿ ದೀಪವಲ್ಲ. ದೊಡ್ಡ ರೈಲಿಗಿಂತ ಕಡಿಮೆ ಜನರನ್ನು ಹೊತ್ತು, ಊರೊಳಗೆ, ಎಷ್ಟೋ ಕಡೆ ರಸ್ತೆಯ ಮೇಲೇ ಹಳಿ ಹಾಸಿ ಓಡಿಸುವ ವಿದ್ಯುತ್ ರೈಲು. 1970ರ ದಶಕದಲ್ಲಿ ಅಮೆರಿಕದಲ್ಲಿ ಚಾಲ್ತಿಗೆ ಬಂದ ಹೆಸರು. ರಸ್ತೆಯ ಹಳಿಯ ಮೇಲೆ ಓಡುತ್ತಿದ್ದ ಹಳೆಯ ಟ್ರಾಮಿನ ತಮ್ಮ ಅಂದುಕೊಳ್ಳಿ. ಯುರೋಪಿನಲ್ಲಿ ಇದನ್ನೂ ಟ್ರಾಮು ಅಂತಲೇ ಕರೆಯುತ್ತಾರೆ. (ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಎರಡಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ರೈಲನ್ನೂ ಲೈಟ್ ರೈಲ್ವೆ ಅಂತಲೇ ಕರೆಯುತ್ತಿದ್ದರು. ಅದು ಬೇರೆ ಜಾತಿ. ತಾಳಗುಪ್ಪದ ಹಳಿ ಮೀಟರ್ ಗೇಜ್ ಆಗಿದ್ದಾಗ ಓಡುತ್ತಿದ್ದ ರೈಲ್ ಬಸ್ಸನ್ನು ಬೇಕಾದರೆ ದೂರದ ನೆಂಟ ಅನ್ನಬಹುದು.)

ಮೆಟ್ರೊಗೆ ಇಲ್ಲದ ತಲೆನೋವು ಲೈಟ್ ರೈಲಿಗೆ ಯಾಕೆ? ಮೆಟ್ರೊ ಸೇತುವೆಯ ಮೇಲೆ ಇಲ್ಲವೇ ನೆಲದ ಕೆಳಗೆ ಓಡುತ್ತದೆ. ಹತ್ತುವವರಿಗೆ ಬಿಟ್ಟರೆ ಬೇರೆಯವರ ಕಣ್ಣಿಗೆ ಬೀಳುವುದು ಕಡಿಮೆ. ಬೆಂಗಳೂರಿನ ನೇರಳೆ, ಹಸಿರು ಮಾರ್ಗದ ರೈಲುಗಳಿಗೆ ಆಯಾ ಬಣ್ಣದ ಪಟ್ಟಿ ಹಾಕಿದರೆ ಕೆಲಸ ಮುಗಿಯಿತು. ಲೈಟ್ ರೈಲು ಹಾಗಲ್ಲ. ಮೂವತ್ತು ನಲವತ್ತು ಮೀಟರ್ ಉದ್ದದ ಗಾಡಿ ಅಂಗಡಿ ಸಾಲಿನ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹೋಗುತ್ತದೆ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನಕ್ಕೆ ನೂರು ಸಲ ಒಂದು ಗೋಡೆ ಓಡಾಡುತ್ತದೆ ಅಂದುಕೊಳ್ಳಿ. ಆ ಗೋಡೆ ಹೇಗಿರಬೇಕು ಅಂತ ಅದರಲ್ಲಿ ಕಾಲಿಡದವನೂ ಕೇಳುತ್ತಾನೆ. ಕೇಳಬೇಕು ಕೂಡ. ಅಂಥ ಗಾಡಿ ಒಂದು ಸಲ ಬಂದರೆ ಸುಮಾರು ಮೂವತ್ತು ವರ್ಷ ಇರುತ್ತದೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಊರು. ಅಲ್ಲಿ ಹಳೆಯ ಟ್ರಾಮು 1960ರಲ್ಲಿ ನಿಂತಿತ್ತು. 1989ರ ನಗರಸಭೆ ಚುನಾವಣೆಯಲ್ಲಿ ಸುರಂಗದ ಮೆಟ್ರೊ ಬೇಕಾ, ರಸ್ತೆಯ ಮೇಲಿನ ಟ್ರಾಮು ಬೇಕಾ ಅನ್ನೋದೇ ಮುಖ್ಯ ಜಗಳ. ಟ್ರಾಮಿನ ಪರ ಇದ್ದ ಕ್ಯಾಥರೀನ್ ಟ್ರಾಟ್ಮನ್ ಗೆದ್ದು ಮೇಯರ್ ಆದರು. 1994ರಲ್ಲಿ ಹೊಸ ಟ್ರಾಮು ಓಡಿತು. ಉದ್ದಕ್ಕೂ ದೊಡ್ಡ ದೊಡ್ಡ ಗಾಜು. ಒಳಗಿನ ನೆಲ ರಸ್ತೆಯಿಂದ ಸುಮಾರು 35 ಸೆಂ.ಮೀ. ಎತ್ತರದಲ್ಲಿ ಅಷ್ಟೆ. ಒಳಗಿದ್ದವರಿಗೆ ಊರು ಕಾಣುತ್ತದೆ, ಹೊರಗಿದ್ದವರಿಗೆ ಒಳಗಿನ ಜನ ಕಾಣುತ್ತಾರೆ. ನನಗೆ ಇದೇ ಹೆಚ್ಚು ಹಿಡಿಸಿದ್ದು. ಮೇಲೆ ಏನು ಬಳಿದರು ಅನ್ನೋದಕ್ಕಿಂತ, ಎಲ್ಲಿ ಬಳಿಯದೆ ಗಾಜು ಬಿಟ್ಟರು ಅನ್ನೋದು.

ಆಮೇಲೆ ಫ್ರಾನ್ಸಿನ ಊರುಗಳಿಗೆ ಇದೊಂದು ಗೀಳೇ ಹತ್ತಿತು. ಕಾರ್ಖಾನೆಯವರ ಕಡೆಯಿಂದ ಚಕ್ರ, ಮೋಟಾರು, ಒಳಗಿನ ಅಸ್ಥಿಪಂಜರ ಎಲ್ಲ ಊರಿಗೂ ಹೆಚ್ಚುಕಡಿಮೆ ಒಂದೇ. ಊರಿನವರ ಕೈಗೆ ಸಿಗುವುದು ಮುಂದಿನ ಮೂತಿ, ಬಣ್ಣ, ಸೀಟಿನ ಬಟ್ಟೆ, ಒಳಗಿನ ದೀಪ. ಅಷ್ಟರಲ್ಲೇ ತಮ್ಮ ಊರನ್ನು ತೋರಿಸಬೇಕು. ರೇಷ್ಮೆ ನೇಯ್ಗೆಗೆ ಹೆಸರಾದ ಲಿಯೋನಿನವರು ಮೂತಿಯನ್ನು ರೇಷ್ಮೆ ಹುಳುವಿನ ತಲೆಯಂತೆ ಮಾಡಿಸಿದರು. ಬಂದರಿನ ಊರು ಮಾರ್ಸೆಯವರು ಹಡಗಿನ ಮುಂಭಾಗದಂತೆ. ಶಾಂಪೇನ್ ತಯಾರಿಸುವ ರಾನ್ಸ್‌ನವರು ಶಾಂಪೇನ್ ಗ್ಲಾಸಿನಂತೆ! ಮಾನ್‌ಪೆಲ್ಯೆಯವರು ಮೂತಿ ಬಿಟ್ಟು ಬಟ್ಟೆಗೆ ಕೈ ಹಾಕಿದರು. 2000ದಲ್ಲಿ ಶುರುವಾದ ಮೊದಲ ಮಾರ್ಗಕ್ಕೆ ನೀಲಿ ಮೈಮೇಲೆ ಬಿಳಿ ಕವಲುತೋಕೆ ಹಕ್ಕಿಗಳು. 2006ರ ಎರಡನೆಯದಕ್ಕೆ ಹೂವು. ಮೂರು, ನಾಲ್ಕನೆಯ ಮಾರ್ಗಗಳಿಗೆ 2012ರಲ್ಲಿ ಕ್ರಿಶ್ಚಿಯನ್ ಲಾಕ್ರುವಾ ಅನ್ನುವ ಬಟ್ಟೆ ವಿನ್ಯಾಸಕಾರರನ್ನೇ ಕರೆಸಿದರು. ಲಿವರಿ ಮತ್ತೆ ದರ್ಜಿಯ ಕೈಗೇ ಬಂತು.

ಹಕ್ಕಿ ಕಂಡರೆ ಒಂದನೆಯ ಮಾರ್ಗ, ಹೂ ಕಂಡರೆ ಎರಡನೆಯದು. ಅಮ್ಮನಂಥವರಿಗೆ ಹೇಳಿ ಮಾಡಿಸಿದ ಏರ್ಪಾಡು. ಒಂದೇ ತೊಡಕು, ಹೂವಿನ ಗಾಡಿ ಕೆಟ್ಟ ದಿನ ಹಕ್ಕಿಯ ಗಾಡಿ ಕಳಿಸಿದರೆ ಜನ ಹತ್ತದೆ ನಿಂತುಬಿಡಬಹುದು.

ನಮ್ಮ ಹತ್ತಿರದ ಉದಾಹರಣೆ ಕೊಚ್ಚಿಯದು. 2017ರಲ್ಲಿ ಶುರುವಾದ ಅಲ್ಲಿನ ಮೆಟ್ರೊ ರೈಲಿನ ಮುಖಕ್ಕೆ ಆನೆಯ ಮುಖವೇ ಮಾದರಿ. ಹಾಗಾದರೆ, ನಾಳೆ ಶಿವಮೊಗ್ಗಕ್ಕೂ ಟ್ರಾಮು ಬಂದರೆ, ಸಕ್ರೆಬೈಲಿನ ಆನೆ ಬಿಡಾರ ಪಕ್ಕದಲ್ಲೇ ಇರುವ ನಮಗೂ ಆನೆ ಮೂತಿ ಬೇಕು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಬೇಡ ಅನ್ನುವವನು. ಆಕಾರದಲ್ಲಿ ಅರ್ಥ ತುಂಬುವುದು ಸುಲಭ, ಅದು ನಿಂತು ನೋಡುವವನ ಕಣ್ಣಿಗೆ ಕಾಣಬೇಕಲ್ಲ? ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ಕಟ್ಟಡ ಕಮಲದ ಆಕಾರದ್ದು. ಅದರ ಸುತ್ತ ರಾಜಕೀಯದ ಮಾತೂ ಬೇಕಾದಷ್ಟು ಆಯಿತು. ಆದರೆ ಕಮಲ ಪೂರ್ತಿ ಕಾಣುವುದು ಮೇಲಿಂದ. ಕಟ್ಟಡಕ್ಕೆ ಅದು ನಡೆಯುತ್ತದೆ. ಟ್ರಾಮನ್ನು ಜನ ನೋಡುವುದು ಪಕ್ಕದಿಂದ, ಕೊಡೆಯ ಅಂಚಿನ ಕೆಳಗಿಂದ.

ಕೊಡೆ ಅಂದ ಮೇಲೆ ಮಳೆಯ ಮಾತು ಬರಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೂ ಜುಲೈನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ನಮ್ಮ ಕಡೆ ಗಾಡಿಗೆ ಬಣ್ಣ ಅಂದ ಕೂಡಲೇ ಅಡಿಕೆ ತೋಟದ ಹಸಿರು ಅನ್ನುತ್ತಾರೆ. ಹಸಿರು ಮರದ ಸಾಲಿನ ಮುಂದೆ, ಮಬ್ಬು ಬೆಳಕಿನಲ್ಲಿ, ಹಸಿರು ಗಾಡಿ ಬಂದರೆ ಕಾಣುವುದು ಹೇಗೆ? ಬ್ರಿಟನ್ನಿನ ರೈಲುಗಳಿಗೆ ಮೂತಿಗೆ ಹಳದಿ ಬಳಿಯುವ ಪದ್ಧತಿ ಬಂದದ್ದೇ ಹಳಿ ಮೇಲೆ ಕೆಲಸ ಮಾಡುವವರಿಗೆ ದೂರದಿಂದ ಕಾಣಲಿ ಅಂತ. ಪೂರ್ತಿ ಬಿಳಿಯೂ ಬೇಡ. ಕೆಮ್ಮಣ್ಣಿನ ರಾಡಿ ಹಾರಿದರೆ ಎರಡೇ ದಿನಕ್ಕೆ ಅದು ಬಿಳಿಯಲ್ಲ. ನಮ್ಮ ಹಳೆಯ ಬಸ್ಸು ಪೇಂಟರ್‌ಗಳು ಕಿಟಕಿ ಮಟ್ಟದಲ್ಲಿ ತಿಳಿ ಬಣ್ಣ, ಚಕ್ರದ ಮಟ್ಟದಲ್ಲಿ ಗಾಢ ಬಣ್ಣ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಬಾಗಿಲ ವಿಷಯ ಇನ್ನೂ ಮುಖ್ಯ. ಯುರೋಪಿನ ರೈಲು ನಿಯಮಗಳಲ್ಲಿ ಬಾಗಿಲಿನ ಬಣ್ಣ ಸುತ್ತಲಿನ ಮೈಗಿಂತ ಎದ್ದು ಬೇರೆ ಕಾಣಬೇಕು ಅಂತ ಇದೆ. ಕಣ್ಣು ಮಂಜಾದವರಿಗೆ ಹತ್ತುವ ಜಾಗ ಗೊತ್ತಾಗಲಿ ಅಂತ. ಚಿತ್ರ ಬರೆದವರಿಗೆ ಇದು ಅಷ್ಟು ಇಷ್ಟವಾಗುವುದಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ಗೆರೆ ಹರಿದು ಹೋಗಬೇಕು ಅಂತ ಅವರ ಆಸೆ.

ಲಿವರಿಯ ಜೊತೆ ಜನ ಬೆರೆಸುವ ಇನ್ನೊಂದು ಪದ 'ರ‍್ಯಾಪ್'. ಅದು ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಲಿವರಿಯನ್ನೂ ಹಾಗೆ ಅಂಟಿಸಬಹುದು, ನಿಜ. ಆದರೆ ಹೆಚ್ಚಾಗಿ ರ‍್ಯಾಪ್ ಅಂದರೆ ಜಾಹೀರಾತು. ಕಿಟಕಿಯ ಮೇಲೆ ಸಣ್ಣ ಸಣ್ಣ ತೂತಿನ ಹಾಳೆ ಹಚ್ಚುತ್ತಾರೆ. ಹೊರಗಿನಿಂದ ಚಿತ್ರ, ಒಳಗಿನಿಂದ ಹೊರಗೆ ಕಾಣುತ್ತದೆ ಅನ್ನುವ ಲೆಕ್ಕ. ಮಳೆಯಲ್ಲಿ ತೂತಿಗೆ ನೀರು ಕೂತರೆ ಲೆಕ್ಕ ತಪ್ಪಿ, ಇಳಿಯುವ ಸ್ಟಾಪ್ ಯಾವುದು ಅಂತ ಪಕ್ಕದವರನ್ನು ಕೇಳಬೇಕು. ಮೊನ್ನೆ ಚಿನ್ನದಂಗಡಿ, ಇವತ್ತು ಸಿಮೆಂಟು, ನಾಳೆ ಕಾಲೇಜು ಅಂತ ಮೈ ಬದಲಾಗುತ್ತಿದ್ದರೆ ಗಾಡಿಯ ಗುರುತೂ ಉಳಿಯುವುದಿಲ್ಲ.

ಲಿವರಿ ಕಾನೂನೂ ಆಗಬಹುದು. ಕೇರಳದ ಟೂರಿಸ್ಟ್ ಬಸ್ಸುಗಳ ಚಿತ್ರವಿಚಿತ್ರ ಲಿವರಿಗಳಿಗೆ ಹುಡುಗರ ಅಭಿಮಾನಿ ಪಡೆಯೇ ಇತ್ತು. 2022ರಲ್ಲಿ ಅಲ್ಲಿನ ಸರ್ಕಾರ ಬಿಳಿ ಮೈ, ನೇರಳೆ ಮತ್ತು ಬಂಗಾರದ ಪಟ್ಟಿ, ಇಷ್ಟೇ ಅಂತ ಕಡ್ಡಾಯ ಮಾಡಿತು. ಹಳೆಯ ಚಿತ್ರಗಳೆಲ್ಲ ಈಗ ಉಳಿದಿರುವುದು ನಮ್ಮ ಹುಡುಗನ ಆಟದಲ್ಲಿ.

ಸ್ಕಾಟ್ಲೆಂಡಿನ ಎಡಿನ್‌ಬರೋದವರ ದಾರಿ ನನಗೆ ಸರಿ ಕಂಡಿದ್ದು. 2009ರಲ್ಲಿ, ಹಳಿಯ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಟ್ರಾಮಿನ ನಿಜ ಅಳತೆಯ ಮಾದರಿಯೊಂದನ್ನು ಪೇಟೆ ಬೀದಿಯಲ್ಲಿ ತಂದು ನಿಲ್ಲಿಸಿದರು. ಜನ ಹತ್ತಿ ಇಳಿದು ನೋಡಿದರು. ಬಣ್ಣಕ್ಕೆ ಹೊಸ ಕಲ್ಪನೆಯನ್ನೇನೂ ಹುಡುಕಲಿಲ್ಲ. ಊರಿನ ಬಸ್ಸುಗಳಿಗೆ ಮೊದಲಿಂದ ಇದ್ದ ಮಂಜಿಷ್ಠದ ಕೆಂಪು ಮತ್ತು ಬಿಳಿಯನ್ನೇ ಟ್ರಾಮಿಗೂ ಉಡಿಸಿದರು. 2014ರಲ್ಲಿ ಟ್ರಾಮು ಓಡಿದಾಗ ಅದು ಹೊಸಬನಾಗಿ ಕಾಣಲಿಲ್ಲ.

ಕನ್ನಡದಲ್ಲಿ ಇದಕ್ಕೆ ಏನನ್ನೋಣ? 'ಸಮವಸ್ತ್ರ' ಅಂದರೆ ಸ್ಕೂಲ್ ಮಕ್ಕಳು ನೆನಪಾಗುತ್ತಾರೆ. 'ಹೊರರೂಪ' ತೀರಾ ಸಪ್ಪೆ. 'ಉಡುಗೆ' ಪರವಾಗಿಲ್ಲ, ಆದರೆ ಬಸ್ಸಿನ ಉಡುಗೆ ಅಂದರೆ ಯಾರಾದರೂ ನಕ್ಕಾರು. ಸದ್ಯಕ್ಕೆ ಲಿವರಿಯೇ ಇರಲಿ. ಬಸ್ಸಿಗೆ ಬಾಡಿ ಕಟ್ಟುವ ನಮ್ಮೂರಿನ ಗ್ಯಾರೇಜೊಂದರಲ್ಲಿ ಹಳೆಯ ಪೇಂಟರ್ ಒಬ್ಬರನ್ನು ಕೇಳಿದೆ. ಲಿವರಿ ಅನ್ನೋ ಮಾತು ಅವರು ಕೇಳಿರಲಿಲ್ಲ. ಪುಟ್ಟಿ ಹಾಕಿ ಉಜ್ಜಿದ ಗಾಡಿ ಶೆಡ್ಡಿಗೆ ಬಂದರೆ ಅವರು ಮೊದಲು ಕೇಳುವುದು "ಯಾವ ಬಣ್ಣ?" ಅಂತ ಅಲ್ಲವಂತೆ, "ಯಾರ ಬಣ್ಣ?" ಅಂತ.