ಸ್ಯಾಂಡ್‌ಫ್ಲೈ ಕಚ್ಚಿದ ಹುಣ್ಣು: ಒಂದೇ ಕಾಯಿಲೆಗೆ ಇಷ್ಟೊಂದು ರೂಪ ಯಾಕೆ?

ಚರ್ಮದ ಲೀಶ್ಮೇನಿಯಾಸಿಸ್ ಅನ್ನುವುದು ಲೀಶ್ಮೇನಿಯಾ ಎಂಬ ಪರಾವಲಂಬಿಯಿಂದ ಬರುವ ಚರ್ಮರೋಗ, ಅದನ್ನು ದಾಟಿಸುವುದು ಸ್ಯಾಂಡ್‌ಫ್ಲೈ ಅಂದರೆ ಮರಳುನೊಣ. ಇದರ ಹೆಸರು ಕೇಳಿದರೆ ವೈದ್ಯಕೀಯ ಓದುವ ನಮಗೆ ನೆನಪಾಗುವುದು ಒಂದು ಉದ್ದನೆಯ ಕೋಷ್ಟಕ. ಒಣ ಹುಣ್ಣು, ಹಸಿ ಹುಣ್ಣು, ಲ್ಯೂಪಾಯ್ಡ್, ಡಿಫ್ಯೂಸ್, ಮೂಗು ಬಾಯಿ ತಿನ್ನುವ ಬಗೆ, ಕಾಲಾ ಅಜಾರ್ (ಇದೇ ಪರಾವಲಂಬಿ ಒಳಗಿನ ಅಂಗಗಳಿಗೆ ತರುವ ರೋಗ) ಆದ ಮೇಲೆ ಬರುವ ಮಚ್ಚೆ. ಎಲ್ಲವನ್ನೂ ಬಾಯಿಪಾಠ ಮಾಡಿ, ವಾರದಲ್ಲಿ ಮರೆಯುತ್ತೇವೆ. ಹುಬ್ಬಳ್ಳಿಯ ಒಪಿಡಿಯಲ್ಲಿ ಒಬ್ಬ ರೋಗಿಯನ್ನು ನೋಡಿದ ಮೇಲೆ ನನಗೆ ಈ ಕೋಷ್ಟಕ ಬೇರೆ ರೀತಿ ಕಾಣತೊಡಗಿತು. ಎರಡೇ ಪ್ರಶ್ನೆ ಹಿಡಿದುಕೊಂಡರೆ ಸಾಕು. ನೊಣ ಎಲ್ಲಿ ಕಚ್ಚಿತು? ಕಚ್ಚಿಸಿಕೊಂಡ ಮೈ ಎಷ್ಟು ಹೋರಾಡಿತು?

ಅವರು ಸವಣೂರು ಕಡೆಯ ಡ್ರೈವರ್. ಸೌದಿಯ ಅಲ್ ಅಹ್ಸಾದಲ್ಲಿ ಎರಡು ವರ್ಷ ದುಡಿದು ಊರಿಗೆ ಬಂದಿದ್ದರು. ಬಲ ಮುಂಗೈ ಮೇಲೆ ಮೂರು ಹುಣ್ಣು. ಬೇರೆ ಕಡೆ ಕುರು ಅಂತ ಹೇಳಿ ಎರಡು ಸಲ ಆಂಟಿಬಯೋಟಿಕ್ ಕೊಟ್ಟಿದ್ದರು, ಗುಣವಾಗಿರಲಿಲ್ಲ. ಒಪಿಡಿಯ ವೈದ್ಯೆ ಮೇಡಂ ಮೊದಲು ಕೇಳಿದ್ದು, "ನೋವು ಐತೇನ್ರೀ?" ಅಂತ.

"ಇಲ್ರೀ ಮೇಡಂ, ನೋವ ಇಲ್ಲ. ಅದಕ ಸುಮ್ನ ಬಿಟ್ಟಿದ್ದೆ."

"ಅಲ್ಲಿ ಮಲಗೂದು ಎಲ್ಲಿ?"

"ಬ್ಯಾಸಿಗ್ಯಾಗ ಹೊರಗ ಮಲಗ್ತಿದ್ವಿರಿ. ಒಳಗ ಭಾಳ ಸೆಕಿ."

ಈ ಎರಡು ಉತ್ತರದಲ್ಲೇ ಅರ್ಧ ರೋಗನಿರ್ಣಯ ಮುಗಿದಿತ್ತು. ಕುರು ಆಗಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ, ಕೀವು ಇರುತ್ತಿತ್ತು, ಒಂದೆರಡು ವಾರದಲ್ಲಿ ಒಡೆದು ಆರುತ್ತಿತ್ತು. ಇದು ತಿಂಗಳುಗಟ್ಟಲೆ ಕೂತಿದೆ, ನೋವಿಲ್ಲ. ಹತ್ತಿರದಿಂದ ನೋಡಿದೆ. ನಡುವೆ ತಗ್ಗು, ಅದರ ಮೇಲೆ ಕಂದು ಬಣ್ಣದ ಹಕ್ಕಳೆ. ಸುತ್ತಲೂ ಹೊಲಕ್ಕೆ ಬದು ಹಾಕಿದ ಹಾಗೆ ಎತ್ತರದ ಅಂಚು. ಬೆರಳಿಂದ ಒತ್ತಿದರೆ ಅಂಚು ಗಟ್ಟಿ. ಪುಸ್ತಕದಲ್ಲಿ 'ಜ್ವಾಲಾಮುಖಿಯ ಬಾಯಿ' ಅಂತ ಬರೆದಿರುತ್ತದೆ, ನನಗೆ ಮಾತ್ರ ಬದುವೇ ನೆನಪಿನಲ್ಲಿ ಉಳಿಯಿತು.

ಈಗ ನೊಣದ ವಿಷಯ. ಮರಳುನೊಣ ಅಂತ ಅನುವಾದ ಮಾಡುತ್ತೇವೆ, ಆದರೆ ಇದು ಮನೆಯ ನೊಣದಂತೆ ಇಲ್ಲ. ಸೊಳ್ಳೆಯ ಮೂರನೇ ಒಂದು ಭಾಗದಷ್ಟು, ಎರಡು ಮೂರು ಮಿಲಿಮೀಟರ್. ಮೈ ತುಂಬಾ ಕೂದಲು. ಕೂತಾಗ ರೆಕ್ಕೆ ಮೇಲಕ್ಕೆ ಎತ್ತಿಕೊಂಡೇ ಇರುತ್ತದೆ. ಗುಂಯ್ ಅನ್ನುವ ಸದ್ದಿಲ್ಲ. ದೂರ ಹಾರಲಾರದು, ಗೋಡೆ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ. ಕಚ್ಚುವುದು ಹೆಣ್ಣು ಮಾತ್ರ, ಹೆಚ್ಚಾಗಿ ಸಂಜೆಯಿಂದ ಬೆಳಗಿನ ಜಾವದವರೆಗೆ. ಮೊಟ್ಟೆ ಇಡುವುದು ನಿಂತ ನೀರಿನಲ್ಲಿ ಅಲ್ಲ, ಇದನ್ನು ತುಂಬಾ ಜನ ತಪ್ಪಾಗಿ ಬರೆಯುತ್ತಾರೆ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವದ ಮಣ್ಣು, ಇಲಿಯ ಬಿಲ, ಇವೇ ಅದರ ಮನೆ. ಹಾಗಾಗಿ ಚರಂಡಿ ಸ್ವಚ್ಛ ಮಾಡಿದರೆ ಇದು ಹೋಗುವುದಿಲ್ಲ. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲೂ ನುಸುಳಿ ಬರುತ್ತದೆ, ಔಷಧಿ ಹಚ್ಚಿದ ಪರದೆ ಅಥವಾ ಇನ್ನೂ ಸಣ್ಣ ಕಣ್ಣಿನ ಪರದೆ ಬೇಕು.

ಬಟ್ಟೆಯ ಮೇಲಿಂದ ಕಚ್ಚುವಷ್ಟು ಬಾಯಿ ಉದ್ದ ಇಲ್ಲ. ಅದಕ್ಕೇ ಹುಣ್ಣು ಮುಖ, ಮುಂಗೈ, ಕಣಕಾಲು, ಹೀಗೆ ತೆರೆದ ಜಾಗದಲ್ಲೇ. ಕಚ್ಚುವಾಗ ಅಲುಗಾಡಿದರೆ ಪಕ್ಕಕ್ಕೆ ಹಾರಿ ಮತ್ತೆ ಕಚ್ಚುತ್ತದೆ. ಮೂರು ಹುಣ್ಣು ಒಟ್ಟಿಗೇ ಇದ್ದದ್ದು ಇದೇ ಕಾರಣಕ್ಕೆ ಇರಬಹುದು ಅಂತ ಮೇಡಂ ಹೇಳಿದರು.

ಮೊದಲ ಪ್ರಶ್ನೆ: ಎಲ್ಲಿ ಕಚ್ಚಿತು?

ಅಲ್ ಅಹ್ಸಾ ಅಂದ ತಕ್ಷಣ ಲೀಶ್ಮೇನಿಯಾ ಮೇಜರ್ ಅನ್ನುವ ಜಾತಿ ನೆನಪಾಗಬೇಕು. ಅಲ್ಲಿ ಪರಾವಲಂಬಿ ಇರುವುದು ಮರುಭೂಮಿಯ ಇಲಿಗಳಲ್ಲಿ. ಇಲಿಯ ಬಿಲದಲ್ಲೇ ಬೆಳೆದ ನೊಣ, ಪಕ್ಕದಲ್ಲಿ ಮಲಗಿದ ಮನುಷ್ಯನನ್ನೂ ಕಚ್ಚುತ್ತದೆ. ಈ ಹುಣ್ಣು ಬೇಗ ಬರುತ್ತದೆ, ಒದ್ದೆಯಾಗಿರುತ್ತದೆ, ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಆರುತ್ತದೆ. ಇದೇ 'ಹಸಿ' ಅಥವಾ ಹಳ್ಳಿಯ ಬಗೆ.

ಬಿಕಾನೇರ್‌ನಿಂದ ಬಂದ ರೋಗಿಯಾದರೆ ಲೀಶ್ಮೇನಿಯಾ ಟ್ರಾಪಿಕಾ ಅನ್ನುವ ಜಾತಿ ಯೋಚಿಸಿ. ಇದು ಪಟ್ಟಣದ ಬಗೆ. ಇಲ್ಲಿ ಮನುಷ್ಯನೇ ಪರಾವಲಂಬಿಯ ಭಂಡಾರ, ಒಬ್ಬರ ಹುಣ್ಣಿನಿಂದ ಇನ್ನೊಬ್ಬರಿಗೆ ನೊಣವೇ ದಾಟಿಸುತ್ತದೆ. ಹುಣ್ಣು ಒಣ, ನಿಧಾನ, ಆರಲು ವರ್ಷ ಅಥವಾ ಅದಕ್ಕೂ ಜಾಸ್ತಿ. ದೆಹಲಿ ಹುಣ್ಣು, ಬಾಗ್ದಾದ್ ಹುಣ್ಣು, ಅಲೆಪ್ಪೊ ಹುಣ್ಣು ಅಂತ ಊರ ಹೆಸರಿನಲ್ಲೇ ಇದನ್ನು ಕರೆಯುತ್ತಿದ್ದರು. ಮುಖದ ಮೇಲೆ ಕಲೆ ಉಳಿಯುತ್ತದೆ ಅಂತ ಮಧ್ಯಪ್ರಾಚ್ಯದ ತಾಯಂದಿರು ಮಕ್ಕಳಿಗೆ ಬಟ್ಟೆ ಮುಚ್ಚುವ ಜಾಗದಲ್ಲಿ ಬೇಕಂತಲೇ ಹುಣ್ಣಿನ ರಸ ಹಚ್ಚಿಸುತ್ತಿದ್ದರು. ಒಮ್ಮೆ ಬಂದು ಹೋದರೆ ಮತ್ತೆ ಬರುವುದು ಕಡಿಮೆ ಅಂತ ಅವರಿಗೆ ಅನುಭವದಿಂದಲೇ ಗೊತ್ತಿತ್ತು. ಈ ವಿಷಯ ಓದಿದಾಗ ನನಗೆ ಆ ತಾಯಂದಿರ ಬಗ್ಗೆ ತುಂಬಾ ಗೌರವ ಬಂತು.

ಆಮೇಲೆ ಒಂದು ಒಗಟು. ಬಿಹಾರದಲ್ಲಿ ಕಾಲಾ ಅಜಾರ್ ತಂದು ಗುಲ್ಮ, ಯಕೃತ್ತು ಊದಿಸುವ ಲೀಶ್ಮೇನಿಯಾ ಡೊನೊವಾನಿ ಜಾತಿಯೇ, ಕೇರಳದ ಅಗಸ್ತ್ಯಮಲೆ ಕಾಡಿನ ಜನರಲ್ಲಿ, ಹಿಮಾಚಲದ ಸಟ್ಲೆಜ್ ಕಣಿವೆಯಲ್ಲಿ, ಶ್ರೀಲಂಕಾದಲ್ಲಿ ಹೆಚ್ಚಾಗಿ ಚರ್ಮದ ಹುಣ್ಣನ್ನು ಮಾಡಿ ನಿಲ್ಲುತ್ತದೆ. ಜಾತಿ ಒಂದೇ, ತಳಿ ಬೇರೆ. ಹಾಗಾಗಿ 'ಡೊನೊವಾನಿ ಅಂದರೆ ಒಳಗಿನ ರೋಗ' ಅಂತ ಗೆರೆ ಎಳೆದು ಬರೆದುಕೊಳ್ಳಬೇಡಿ. ದಕ್ಷಿಣ ಅಮೆರಿಕದ ಬ್ರೆಜಿಲಿಯೆನ್ಸಿಸ್ ಜಾತಿ ಮಾತ್ರ ಬೇರೆಯೇ ದಾರಿ ಹಿಡಿಯುತ್ತದೆ. ಹುಣ್ಣು ಆರಿ ವರ್ಷಗಳಾದ ಮೇಲೂ ಮೂಗಿನ ನಡುಗೋಡೆಯನ್ನು ತಿನ್ನಬಹುದು.

ಎರಡನೇ ಪ್ರಶ್ನೆ: ಮೈ ಎಷ್ಟು ಹೋರಾಡಿತು?

ನನಗೆ ತುಂಬಾ ಇಷ್ಟವಾದ ಭಾಗ ಇದು. ಕುಷ್ಠ ಓದಿದವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಕುಷ್ಠದಲ್ಲಿ ಒಂದು ತುದಿಗೆ ಮೈ ಜೋರಾಗಿ ಹೋರಾಡುವ ಟ್ಯೂಬರ್ಕ್ಯುಲಾಯ್ಡ್ ಬಗೆ, ಇನ್ನೊಂದು ತುದಿಗೆ ಹೋರಾಟವೇ ಇಲ್ಲದ ಲೆಪ್ರೊಮ್ಯಾಟಸ್ ಬಗೆ ಅಲ್ವಾ? ಇಲ್ಲೂ ಹಾಗೇ. ಪರಾವಲಂಬಿ ಹೋಗಿ ಅಡಗುವುದು ಮ್ಯಾಕ್ರೊಫೇಜ್‌ ಒಳಗೆ, ಅಂದರೆ ಅದನ್ನು ನುಂಗಿ ಕೊಲ್ಲಬೇಕಾದ ಕೋಶದಲ್ಲೇ. ಟಿ ಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಸರಿಯಾಗಿ ಸಂಕೇತ ಕೊಟ್ಟರೆ ಆ ಕೋಶ ಎಚ್ಚೆತ್ತು ಕೊಲ್ಲುತ್ತದೆ. ಹುಣ್ಣು ಆರುತ್ತದೆ.

ಹೋರಾಟ ಜೋರಾಗಿದ್ದೂ ಪೂರ್ತಿ ಗೆಲ್ಲದಿದ್ದರೆ ಲ್ಯೂಪಾಯ್ಡ್ ಬಗೆ. ಹಳೇ ಕಲೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಮತ್ತೆ ಮತ್ತೆ ಏಳುತ್ತವೆ, ಚರ್ಮದ ಕ್ಷಯದ ಹಾಗೆ ಕಾಣುತ್ತದೆ. ಸ್ಲೈಡಿನಲ್ಲಿ ಪರಾವಲಂಬಿ ಸಿಗುವುದೇ ಕಷ್ಟ. ಹೋರಾಟವೇ ಇಲ್ಲದಿದ್ದರೆ ಡಿಫ್ಯೂಸ್ ಬಗೆ. ಇಥಿಯೋಪಿಯಾದ ಈಥಿಯೋಪಿಕಾ ಜಾತಿಯಲ್ಲಿ ಇದು ಹೆಸರುವಾಸಿ. ಹುಣ್ಣಾಗದ ಗಂಟುಗಳು ಮುಖ, ಕೈಕಾಲು ತುಂಬಾ ಹರಡುತ್ತವೆ. ಸ್ಲೈಡಿನಲ್ಲಿ ಪರಾವಲಂಬಿ ಸಂತೆ ಕೂಡಿದಂತೆ ತುಂಬಿರುತ್ತದೆ. ಲೆಪ್ರೊಮ್ಯಾಟಸ್ ಕುಷ್ಠ ಅಂತ ಮೋಸ ಹೋಗುವುದು ಇಲ್ಲೇ.

ಇನ್ನೊಂದು ಮೋಸ ನಮ್ಮ ದೇಶದ್ದೇ. ಭಾರತದಲ್ಲಿ ಕಾಲಾ ಅಜಾರ್ ಗುಣವಾದವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಆಮೇಲೆ ಮೈ ಮೇಲೆ ಬಿಳಿಚಿದ ಮಚ್ಚೆ, ಗಂಟು ಬರುತ್ತವೆ. ಇದೇ ಪಿಕೆಡಿಎಲ್, ಅಂದರೆ ಪೋಸ್ಟ್ ಕಾಲಾ ಅಜಾರ್ ಡರ್ಮಲ್ ಲೀಶ್ಮೇನಿಯಾಸಿಸ್. ರೋಗಿ ಆರಾಮಾಗಿ ಓಡಾಡುತ್ತಿರುತ್ತಾರೆ, ಆದರೆ ಅವರ ಚರ್ಮದಿಂದ ನೊಣಕ್ಕೆ ಪರಾವಲಂಬಿ ಸಿಗುತ್ತಲೇ ಇರುತ್ತದೆ. ಹುಬ್ಬಳ್ಳಿಯಲ್ಲಿ ಕಟ್ಟಡ ಕೆಲಸಕ್ಕೆ ಬಿಹಾರದಿಂದ ಬಂದವರಲ್ಲಿ ಬಿಳಿ ಮಚ್ಚೆ ಕಂಡರೆ ಹತ್ತಿಯ ಎಳೆಯಿಂದ ಮುಟ್ಟಿ ನೋಡಿ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಹೋಗಿರುತ್ತದೆ, ಇಲ್ಲಿ ಇರುತ್ತದೆ. ಲೆಪ್ರೊಮ್ಯಾಟಸ್‌ನಲ್ಲಿ ಮೊದಮೊದಲು ಸ್ಪರ್ಶ ಉಳಿದಿರಬಹುದು, ಅದಕ್ಕೇ ನರ ಊದಿದೆಯಾ ಅಂತಲೂ ಮುಟ್ಟಿ ನೋಡಬೇಕು. ಮೊದಲು ಜ್ವರ ಬಂದಿತ್ತಾ, ಹೊಟ್ಟೆ ಊದಿತ್ತಾ ಅಂತಲೂ ಕೇಳಿ.

ಡ್ರೈವರ್ ಅವರ ಕೈಗೆ ಮರಳಿ ಬರೋಣ. ಹುಣ್ಣಿನಿಂದ ಮೊಣಕೈ ಕಡೆಗೆ ಚರ್ಮದಡಿ ಮಣಿ ಪೋಣಿಸಿದ ಹಾಗೆ ಸಣ್ಣ ಗಂಟುಗಳಿದ್ದವು. ಇದಕ್ಕೆ ಸ್ಪೊರೊಟ್ರೈಕಾಯ್ಡ್ ಬಗೆ ಅನ್ನುತ್ತಾರೆ. ದುಗ್ಧನಾಳದ ದಾರಿಯಲ್ಲೇ ಸಾಗುತ್ತದೆ. ಮುಳ್ಳು ಚುಚ್ಚಿ ಬರುವ ಸ್ಪೊರೊಟ್ರೈಕೋಸಿಸ್ ಅನ್ನುವ ಶಿಲೀಂಧ್ರ ರೋಗವೂ ಹೀಗೇ ಕಾಣುವುದರಿಂದ ಅದಕ್ಕೂ ಪರೀಕ್ಷೆ ಕಳಿಸಿದರು.

ಸ್ಲಿಟ್ ಸ್ಮಿಯರ್ (ಚರ್ಮ ಸೀಳಿ ಸ್ಲೈಡಿಗೆ ಹಚ್ಚುವ ಮಾದರಿ) ತೆಗೆದದ್ದು ಎತ್ತರದ ಅಂಚಿನಿಂದ, ನಡುವಿನ ಹಕ್ಕಳೆಯಿಂದ ಅಲ್ಲ. ಅಂಚನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಂಡಿ, ಬಿಳಿಚಿದ ಮೇಲೆ ಬ್ಲೇಡಿನಿಂದ ಸಣ್ಣ ಸೀಳು. ರಕ್ತ ಬರಬಾರದು, ಬಂದರೆ ಸ್ಲೈಡ್ ಕೆಡುತ್ತದೆ. ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಶನ್ ಮಸೂರದಲ್ಲಿ ನೋಡಿದಾಗ, ಮ್ಯಾಕ್ರೊಫೇಜ್ ಒಳಗೆ ಪುಟ್ಟ ಪುಟ್ಟ ಮೊಟ್ಟೆಯಾಕಾರ. ಪ್ರತಿಯೊಂದರಲ್ಲೂ ಒಂದು ದೊಡ್ಡ ಚುಕ್ಕೆ, ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ. ಚುಕ್ಕೆ ನ್ಯೂಕ್ಲಿಯಸ್, ಕಡ್ಡಿ ಕೈನೆಟೊಪ್ಲಾಸ್ಟ್ ಅನ್ನುವ ಡಿಎನ್‌ಎ ಗುಚ್ಛ. ಕಡ್ಡಿ ಕಾಣದಿದ್ದರೆ ಎಲ್‌ಡಿ ಬಾಡಿ (ಲೀಶ್ಮನ್-ಡೊನೊವಾನ್ ಬಾಡಿ, ಅಂದರೆ ಈ ಪರಾವಲಂಬಿ) ಅಂತ ಬರೆಯಬೇಡಿ. 1903ರಲ್ಲಿ ಲೀಶ್ಮನ್ ಮತ್ತು ಮದ್ರಾಸಿನಲ್ಲಿದ್ದ ಡೊನೊವಾನ್ ವರದಿ ಮಾಡಿದ್ದು ಇದನ್ನೇ. ನನಗೆ ಮೊದಲ ಕಡ್ಡಿ ಸಿಗಲು ಇಪ್ಪತ್ತು ನಿಮಿಷ ಬೇಕಾಯಿತು.

ಎಲ್ಲ ಹುಣ್ಣಿಗೂ ಔಷಧಿ ಬೇಕಂತಿಲ್ಲ. ಇವರದ್ದು ಮಣಿಕಟ್ಟಿನ ಕೀಲಿನ ಮೇಲಿತ್ತು, ಮೇಲಕ್ಕೆ ಹರಡುತ್ತಲೂ ಇತ್ತು, ಅದಕ್ಕೇ ಪರಾವಲಂಬಿಯನ್ನು ಕೊಲ್ಲುವ ಸೋಡಿಯಂ ಸ್ಟಿಬೊಗ್ಲುಕೊನೇಟ್ ಔಷಧಿ ಶುರು ಮಾಡಿದರು. ಹುಣ್ಣಿನ ಅಂಚಿಗೇ ಇಂಜೆಕ್ಷನ್, ಸುತ್ತಲೂ ಚರ್ಮ ಬಿಳಿಚುವವರೆಗೆ, ವಾರಕ್ಕೊಮ್ಮೆ. ಹುಣ್ಣು ನೋಯದಿದ್ದರೂ ಈ ಸೂಜಿ ಚೆನ್ನಾಗಿ ನೋಯುತ್ತದೆ, ಮೊದಲೇ ಹೇಳಿಬಿಡಬೇಕು. ಐದನೇ ವಾರ ಬಂದಾಗ ಬದು ತಗ್ಗಿತ್ತು, ಹಕ್ಕಳೆ ಉದುರಿ ಕೆಳಗೆ ತೆಳು ಗುಲಾಬಿ ಚರ್ಮ ಬಂದಿತ್ತು. "ಇನ್ನ ಎಷ್ಟ ಸೂಜಿ ರೀ?" ಅಂತ ಕೇಳಿದರು. ಎರಡು, ಅಂದರು ಮೇಡಂ.